ಬಸ್ಸು ಎಲ್ಲಿದೆ? ತಂಗುದಾಣದ ಮಾಹಿತಿ ಫಲಕ ಮತ್ತು ತಾಲೂಕುಗಳ ವ್ಯಾಪಾರ

ಸಿಂದಗಿಯಿಂದ ಜೇವರ್ಗಿಗೆ ಹೋಗುವ ಹೆದ್ದಾರಿಯ ಮೋರಟಗಿಯಂಥ ಊರಿನಲ್ಲಿ ಅಂಗಡಿ ಇಟ್ಟವರಿಗೆ ಬಸ್ಸು ಕೇವಲ ಪ್ರಯಾಣದ ಸಾಧನವಲ್ಲ. ಕೆಲಸಗಾರರು ಬರುವುದು, ಗಿರಾಕಿಗಳು ಬಂದು ಹೋಗುವುದು, ಪಟ್ಟಣದಿಂದ ಸಣ್ಣಪುಟ್ಟ ಸರಕಿನ ಗಂಟು ಇಳಿಯುವುದು, ಸಂಜೆ ಬಾಗಿಲು ಹಾಕುವ ಹೊತ್ತು ನಿರ್ಧಾರವಾಗುವುದು ಎಲ್ಲವೂ ಅದನ್ನೇ ಅವಲಂಬಿಸಿವೆ. ಊರಿಗೆ ಮರಳುವ ಕೊನೆಯ ಬಸ್ಸಿನ ಬಗ್ಗೆ ಖಾತ್ರಿಯಿಲ್ಲದ ಗಿರಾಕಿ ಕೊಳ್ಳಬೇಕಾದುದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಾನೆ. ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣಿಸುವುದಿಲ್ಲ. ಆದುದರಿಂದ ಪ್ರಯಾಣಿಕರಿಗೆ ಬಸ್ಸಿನ ನೈಜ ಸ್ಥಿತಿಯನ್ನು ಆಗಿಂದಾಗ್ಗೆ ತಿಳಿಸುವ ಮಾಹಿತಿ ಫಲಕಗಳ ವಿಚಾರವನ್ನು ನಗರದವರ ಅನುಕೂಲವೆಂದು ಬದಿಗಿಡದೆ, ವ್ಯಾಪಾರಸ್ಥರು ಮತ್ತು ಸಣ್ಣ ಉದ್ಯಮಿಗಳು ತಮ್ಮ ವಿಷಯವೆಂದೇ ಅಭ್ಯಾಸ ಮಾಡುವುದು ಉಚಿತ.

ಕರ್ನಾಟಕದಲ್ಲಿ ನಡೆದು ಬಂದ ದಾರಿ

ಲಂಡನ್ ನಗರದಲ್ಲಿ 1992ರಲ್ಲಿ 18ನೇ ಸಂಖ್ಯೆಯ ಮಾರ್ಗದ ತಂಗುದಾಣಗಳಲ್ಲಿ ಇಂಥ ಫಲಕಗಳ ಪ್ರಯೋಗ ನಡೆಯಿತು. ಆಗ ಬಸ್ಸಿನ ಸ್ಥಾನವನ್ನು ಗುರುತಿಸುತ್ತಿದ್ದುದು ಉಪಗ್ರಹವಲ್ಲ, ರಸ್ತೆಬದಿಯ ಕಂಬಗಳಿಗೆ ಅಳವಡಿಸಿದ ಸಂಕೇತ ಸಾಧನಗಳು. ಕರ್ನಾಟಕದಲ್ಲಿ ಮೊದಲ ದೊಡ್ಡ ಪ್ರಯತ್ನ ಮೈಸೂರಿನದು. ವಿಶ್ವಬ್ಯಾಂಕಿನ ಮೂಲಕ ಜಾಗತಿಕ ಪರಿಸರ ನಿಧಿಯ ನೆರವು ಪಡೆದ ಸುಸ್ಥಿರ ನಗರ ಸಾರಿಗೆ ಯೋಜನೆಯಡಿ, ರಾಜ್ಯ ರಸ್ತೆ ಸಾರಿಗೆ ನಿಗಮವು 2012ರಲ್ಲಿ ‘ಮಿತ್ರ’ ಎಂಬ ಹೆಸರಿನಲ್ಲಿ ಸುಮಾರು 500 ನಗರ ಬಸ್ಸುಗಳಿಗೆ ಸ್ಥಾನಸೂಚಕ ಯಂತ್ರಗಳನ್ನೂ ಪ್ರಮುಖ ತಂಗುದಾಣಗಳಿಗೆ ಮಾಹಿತಿ ಫಲಕಗಳನ್ನೂ ಅಳವಡಿಸಿತು. ಬೆಂಗಳೂರಿನ ಮಹಾನಗರ ಸಾರಿಗೆ ಸಂಸ್ಥೆ 2016ರಲ್ಲಿ ಇದೇ ಬಗೆಯ ವ್ಯವಸ್ಥೆಗೆ ಬಂದು, 2023ರಲ್ಲಿ ‘ನಮ್ಮ ಬಿಎಂಟಿಸಿ’ ಎಂಬ ಮೊಬೈಲ್ ತಂತ್ರಾಂಶವನ್ನು ಹೊರತಂದಿತು. ಹುಬ್ಬಳ್ಳಿ-ಧಾರವಾಡ ನಡುವೆ 2018ರಲ್ಲಿ ಸಂಚಾರ ಆರಂಭಿಸಿದ ‘ಚಿಗರಿ’ ಬಸ್ಸುಗಳ ನಿಲ್ದಾಣಗಳಲ್ಲಿಯೂ ಫಲಕಗಳಿವೆ.

ಈ ಮೂರರಲ್ಲಿ ಚಿಗರಿಯ ಕೆಲಸ ಸುಲಭವಾದುದು. ಸುಮಾರು 22 ಕಿ.ಮೀ. ಮಾರ್ಗದ ಬಹುಪಾಲು ಬಸ್ಸಿಗೆಂದೇ ಪ್ರತ್ಯೇಕ ಪಥವಿರುವಾಗ ಮುಂದಿನ ನಿಲ್ದಾಣಕ್ಕೆ ಎಷ್ಟು ನಿಮಿಷವೆಂದು ಹೇಳುವುದು ಕಷ್ಟವಲ್ಲ. ಕಬ್ಬಿನ ಟ್ರ್ಯಾಕ್ಟರುಗಳೊಡನೆ ರಸ್ತೆ ಹಂಚಿಕೊಳ್ಳುವ ತಾಲೂಕಿನ ಬಸ್ಸಿಗೆ ಅದೇ ಲೆಕ್ಕ ಹಿಡಿಯದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಘಟಕಗಳು ಈಗಿನ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಿಜಯಪುರ ವಿಭಾಗಕ್ಕೆ ಸೇರಿವೆ. ಇಲ್ಲಿ ಪ್ರಶ್ನೆ ನಗರದಲ್ಲಿ ಕಂಡದ್ದನ್ನು ತಂದು ನಿಲ್ಲಿಸುವುದಲ್ಲ. ಬಸ್ಸು ವಿರಳವಾಗಿರುವ ಉದ್ದನೆಯ ದಾರಿಯಲ್ಲಿ ಫಲಕವು ಏನನ್ನು ಹೇಳಬೇಕು ಎಂಬುದು.

ಕಾಯುವ ಸಮಯದ ಲೆಕ್ಕ

ಗಂಟೆಗೊಂದು ಬಸ್ಸಿದ್ದರೆ ಸರಾಸರಿ ಅರ್ಧ ಗಂಟೆ ಕಾಯಬೇಕಾದೀತು ಎಂಬುದು ಸಾಮಾನ್ಯ ನಂಬಿಕೆ. ಬಸ್ಸುಗಳು ಸರಿಯಾದ ಅಂತರದಲ್ಲಿ ಬಂದರೆ ಮಾತ್ರ ಅದು ನಿಜ. ಎರಡು ಗಂಟೆಗಳಲ್ಲಿ ಎರಡು ಬಸ್ಸು ಬಂದವು, ಆದರೆ ಒಂದರ ಹಿಂದೆ 20 ನಿಮಿಷಕ್ಕೆ ಇನ್ನೊಂದು ಬಂದು, ಮುಂದಿನದಕ್ಕೆ 100 ನಿಮಿಷದ ಖಾಲಿ ಬಿದ್ದಿತು ಎಂದು ಭಾವಿಸೋಣ. ಹೊತ್ತು ನೋಡದೆ ತಂಗುದಾಣಕ್ಕೆ ಬರುವ ಆರು ಜನರಲ್ಲಿ ಐವರು ಆ 100 ನಿಮಿಷದ ಖಾಲಿಯಲ್ಲಿಯೇ ಬಂದು ಸೇರುತ್ತಾರೆ. ಅವರು ಸರಾಸರಿ 50 ನಿಮಿಷ ಕಾಯುತ್ತಾರೆ. ಉಳಿದ ಒಬ್ಬನು ಸರಾಸರಿ 10 ನಿಮಿಷ. ಒಟ್ಟು ಸರಾಸರಿ 43 ನಿಮಿಷವನ್ನು ದಾಟುತ್ತದೆ. ಬಸ್ಸಿನ ಸಂಖ್ಯೆ ಕಡಿಮೆಯಾಗಲಿಲ್ಲ, ಅಂತರ ಕೆಟ್ಟಿತು, ಅಷ್ಟೆ. ಘಟಕದ ದಾಖಲೆಯಲ್ಲಿ ಎರಡೂ ಬಸ್ಸು ಓಡಿದವೆಂದೇ ಇರುತ್ತದೆ.

ಫಲಕವು ಈ ಅಂತರವನ್ನು ಸರಿಪಡಿಸಲಾರದು. ಆದರೆ 100 ನಿಮಿಷದ ಖಾಲಿ ಬಿದ್ದಿದೆಯೆಂದು ಗೊತ್ತಾದವನು ತಂಗುದಾಣದ ಬಿಸಿಲಲ್ಲಿ ನಿಲ್ಲುವುದಿಲ್ಲ. ಪೇಟೆಯಲ್ಲಿ ಇನ್ನೊಂದು ಕೆಲಸ ಮುಗಿಸುತ್ತಾನೆ. ಹೇಗ್ ನಗರದ ಟ್ರಾಮ್ ಮಾರ್ಗವೊಂದರ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನವು, ಫಲಕ ಬಂದ ಮೇಲೆ ಪ್ರಯಾಣಿಕರು ತಾವು ಕಾದೆವೆಂದು ಭಾವಿಸುವ ಸಮಯ ಶೇ. 20ರಷ್ಟು ಇಳಿಯಿತೆಂದು ಹೇಳಿತು. ಅಲ್ಲಿ ಇಳಿದುದು ಬೇಸರ. ಬಸ್ಸು ವಿರಳವಾದ ಊರಿನಲ್ಲಿ ಉಳಿಯುವುದು ನಿಜವಾದ ಗಂಟೆಗಳು. ಆ ಗಂಟೆಗಳ ಒಂದು ಪಾಲು ಪೇಟೆಯ ಅಂಗಡಿಗೆ ಬರುತ್ತದೆ.

ಯಂತ್ರ ಕೆಲಸ ಮಾಡುವ ಬಗೆ

ಬಸ್ಸಿನಲ್ಲಿರುವ ಪೆಟ್ಟಿಗೆಯು ಉಪಗ್ರಹಗಳ ಸಂಕೇತದಿಂದ ತನ್ನ ಸ್ಥಾನವನ್ನು ಕೆಲವು ಮೀಟರುಗಳೊಳಗೆ ತಿಳಿದುಕೊಂಡು, ಮೊಬೈಲ್ ಸಿಮ್ ಮೂಲಕ ಕೇಂದ್ರದ ಗಣಕಯಂತ್ರಕ್ಕೆ ಕೆಲವು ಸೆಕೆಂಡುಗಳಿಗೊಮ್ಮೆ ಕಳುಹಿಸುತ್ತದೆ. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ ಎ.ಐ.ಎಸ್. 140 ಮಾನದಂಡದ ಇಂಥ ಪೆಟ್ಟಿಗೆಯನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿದೆ. ಕೇಂದ್ರದ ಗಣಕಯಂತ್ರವು ಆ ಸ್ಥಾನವನ್ನು ಮಾರ್ಗದ ನಕ್ಷೆಯೊಂದಿಗೆ ಹೋಲಿಸಿ, ಉಳಿದ ದೂರ ಮತ್ತು ಹಿಂದಿನ ದಿನಗಳ ವೇಗದಿಂದ ಸಮಯವನ್ನು ಅಂದಾಜು ಮಾಡಿ ಫಲಕಕ್ಕೆ ರವಾನಿಸುತ್ತದೆ. 24 ಕಿ.ಮೀ. ಉಳಿದಿದ್ದು, ಆ ಹೊತ್ತಿನ ಸರಾಸರಿ ವೇಗ ಗಂಟೆಗೆ 36 ಕಿ.ಮೀ. ಇದ್ದರೆ 40 ನಿಮಿಷವೆಂದು ಫಲಕ ತೋರಿಸುತ್ತದೆ. ನಡುವೆ ಚಹಾಕ್ಕೆಂದು 10 ನಿಮಿಷ ನಿಲ್ಲುವ ರೂಢಿಯಿದ್ದರೆ ಅದನ್ನೂ ಯಂತ್ರಕ್ಕೆ ಕಲಿಸಿರಬೇಕು.

ಈ ಸರಪಳಿಯಲ್ಲಿ ಹೆಚ್ಚಾಗಿ ಹರಿಯುವ ಕೊಂಡಿ ಉಪಗ್ರಹವೂ ಅಲ್ಲ, ಸಿಮ್ಮೂ ಅಲ್ಲ, ಘಟಕದ ಮೇಜು. ಬೆಳಗಿನ ಜಾವ ಒಂದು ಬಸ್ಸು ಕೆಟ್ಟು, ಅದರ ಬದಲಿಗೆ ಬೇರೊಂದನ್ನು ಅದೇ ಅನುಸೂಚಿಯ ಮೇಲೆ ಕಳುಹಿಸಿದಾಗ, ಆ ಬದಲಾವಣೆಯನ್ನು ಗಣಕಯಂತ್ರದಲ್ಲಿ ನಮೂದಿಸದಿದ್ದರೆ ಫಲಕವು ಘಟಕದಲ್ಲಿಯೇ ನಿಂತಿರುವ ಬಸ್ಸಿಗಾಗಿ ಕಾಯುತ್ತದೆ. ರಸ್ತೆಯಲ್ಲಿ ನಿಜವಾಗಿ ಬರುತ್ತಿರುವ ಬಸ್ಸು ಫಲಕದ ಪಾಲಿಗೆ ಇಲ್ಲವೇ ಇಲ್ಲ. ಯಂತ್ರದ ಬೆಲೆ ಎಷ್ಟೇ ಇರಲಿ, ಈ ಒಂದು ನಮೂದನ್ನು ದಿನವೂ ತಪ್ಪದೆ ಮಾಡುವ ಸಿಬ್ಬಂದಿ ಇಲ್ಲದಿದ್ದರೆ ಹಣ ವ್ಯರ್ಥ.

ನಿಮಿಷವೋ, ಊರೋ?

ಉದ್ದ ಮಾರ್ಗದಲ್ಲಿ ಅಂದಾಜು ದೂರದೊಂದಿಗೆ ಹದಗೆಡುತ್ತದೆ. ಐದು ನಿಮಿಷ ದೂರದ ಬಸ್ಸಿನ ಬಗ್ಗೆ ಒಂದು ನಿಮಿಷದ ತಪ್ಪಾದರೆ, ಒಂದು ಗಂಟೆ ದೂರದ್ದಕ್ಕೆ ಕಾಲು ಗಂಟೆಯ ತಪ್ಪು ಅಚ್ಚರಿಯಲ್ಲ. ಕಲಬುರಗಿ ಕಡೆಯಿಂದ ಬರುವ ಬಸ್ಸಿನ ಬಗ್ಗೆ ಮೋರಟಗಿಯಲ್ಲಿ ‘52 ನಿಮಿಷ’ ಎಂದು ಬೆಳಗುವ ಅಂಕಿಗೆ ನಿಖರತೆಯ ವೇಷವಿದೆ, ನಿಖರತೆ ಇಲ್ಲ. ‘ಜೇವರ್ಗಿ ಬಿಟ್ಟಿದೆ, 4.10’ ಎಂಬ ಸಾಲು ಹಾಗಲ್ಲ. ಅದು ಆಗಿ ಹೋದ ಸಂಗತಿ, ಆದ್ದರಿಂದ ಸುಳ್ಳಾಗುವುದಿಲ್ಲ. ಜೇವರ್ಗಿಯಿಂದ ಎಷ್ಟು ಹೊತ್ತಾಗುತ್ತದೆಂಬುದು ಆ ಊರಿನವರಿಗೆ ಯಂತ್ರಕ್ಕಿಂತ ಚೆನ್ನಾಗಿ ತಿಳಿದಿದೆ. ಬಸ್ಸು ಹತ್ತಿರದ ಕೆಲವು ಕಿಲೋಮೀಟರುಗಳೊಳಗೆ ಬಂದ ಮೇಲೆ ನಿಮಿಷ ತೋರಿಸಿದರೆ ಸಾಕು.

ಇನ್ನೆರಡು ಸಂಗತಿಗಳನ್ನು ಫಲಕ ಮಾಡಿಸುವವರು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ವೇಳಾಪಟ್ಟಿಯ ಸಮಯವನ್ನೂ ಯಂತ್ರ ಕಂಡ ಸಮಯವನ್ನೂ ಒಂದೇ ಬಗೆಯಲ್ಲಿ ತೋರಿಸಕೂಡದು. ಬಸ್ಸಿನ ಪೆಟ್ಟಿಗೆ ಮೌನವಾದಾಗ ಹಳೆಯ ವೇಳಾಪಟ್ಟಿಯ ಸಮಯವನ್ನೇ ನೈಜವೆಂಬಂತೆ ಬೆಳಗಿಸುವುದಕ್ಕಿಂತ ಸಾಲನ್ನು ಖಾಲಿ ಬಿಡುವುದು ಮೇಲು. ಅಂತೆಯೇ ಆ ಊರಿನಲ್ಲಿ ನಿಲುಗಡೆಯಿಲ್ಲದ ವೇಗದೂತ ಬಸ್ಸುಗಳನ್ನು ಪಟ್ಟಿಯಲ್ಲಿ ಸೇರಿಸಬಾರದು. ಬರುತ್ತದೆಂದು ತೋರಿಸಿದ ಬಸ್ಸು ಎರಡು ಸಲ ಎದುರಿಗೇ ನಿಲ್ಲದೆ ಹೋದರೆ, ಮೂರನೆಯ ಸಲ ಯಾರೂ ಫಲಕದ ಕಡೆ ತಲೆಯೆತ್ತುವುದಿಲ್ಲ.

ಭೀಮಾ ನದಿಗೆ ಪ್ರವಾಹ ಬಂದು ಕಟ್ಟಿಸಂಗಾವಿ ಸೇತುವೆಯ ಸಂಚಾರ ನಿಲ್ಲುವಂಥ ದಿನಗಳಲ್ಲಿ ಫಲಕದ ನಿಜವಾದ ಪರೀಕ್ಷೆ. ಆಗ ಯಾವ ಅಂದಾಜೂ ನಡೆಯದು. ‘ಕಲಬುರಗಿ ಬಸ್ಸು ಇಂದು ಇಲ್ಲ’ ಎಂದು ಒಬ್ಬ ಅಧಿಕಾರಿ ಕೈಯಿಂದ ಬರೆದು ಕಳುಹಿಸುವ ಅವಕಾಶ ವ್ಯವಸ್ಥೆಯಲ್ಲಿರಬೇಕು.

ತಯಾರಕರು ಗಮನಿಸಬೇಕಾದುದು

ಪೇಟೆಯಲ್ಲಿ ಸುಲಭವಾಗಿ ದೊರೆಯುವ ‘ಪಿ 10’ ಎಂಬ ಎಲ್.ಇ.ಡಿ. ತುಂಡಿನಲ್ಲಿ ಅಡ್ಡಲಾಗಿ 32, ಉದ್ದಕ್ಕೆ 16 ಚುಕ್ಕೆಗಳಿರುತ್ತವೆ. ಚುಕ್ಕೆಯಿಂದ ಚುಕ್ಕೆಗೆ 10 ಮಿ.ಮೀ. ಅಂತರ. ಮೂರು ತುಂಡು ಅಗಲ, ಎರಡು ತುಂಡು ಎತ್ತರದ ಫಲಕ 96 ಸೆ.ಮೀ. ಅಗಲ, 32 ಸೆ.ಮೀ. ಎತ್ತರವಾಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಏಳು ಸಾಲು ಚುಕ್ಕೆ ಸಾಕು. ಕನ್ನಡಕ್ಕೆ ಸಾಲದು. ‘ಮುದ್ದೇಬಿಹಾಳ’ದಲ್ಲಿ ಮೇಲೆ ಏತ್ವವೂ ಕೆಳಗೆ ದಕಾರದ ಒತ್ತೂ ಒಟ್ಟಿಗೆ ಬರುತ್ತವೆ, 16 ಸಾಲಿಗಿಂತ ಕಡಿಮೆಯಾದರೆ ಒತ್ತು ಮಸಿಯ ಚುಕ್ಕೆಯಾಗಿ ಕಾಣುತ್ತದೆ. ಅಗ್ಗದ ನಿಯಂತ್ರಕ ಹಲಗೆಗಳಲ್ಲಿ ಇಂಗ್ಲಿಷ್ ಅಕ್ಷರಗಳಷ್ಟೇ ಅಡಕವಾಗಿರುವುದರಿಂದ, ಕನ್ನಡದ ಸಾಲನ್ನು ಕೇಂದ್ರದಲ್ಲಿಯೇ ಚಿತ್ರವಾಗಿ ಸಿದ್ಧಪಡಿಸಿ ಕಳುಹಿಸುವುದು ಕ್ಷೇಮ. ‘ಬಸವನ ಬಾಗೇವಾಡಿ’ಯ ಎಂಟು ಅಕ್ಷರಗಳೂ ಸಮಯವೂ 96 ಚುಕ್ಕೆಗಳ ಅಗಲದಲ್ಲಿ ಹಿಡಿಯುವುದಿಲ್ಲ. ಸಾಲನ್ನು ಓಡಿಸುವುದು ಸುಲಭ ಉಪಾಯ. ಆದರೆ ಅಕ್ಷರ ಕೂಡಿಸಿ ಓದುವವರಿಗೆ ಓಡುವ ಸಾಲು ಕೈಗೆ ಸಿಗದು. ಬಸ್ಸಿನ ಹಣೆಯ ಮೇಲೆ ‘ಬ. ಬಾಗೇವಾಡಿ’ ಎಂದು ಬರೆಯುವ ಹಳೆಯ ಪದ್ಧತಿಯೇ ಇಲ್ಲಿ ವಿಹಿತ. ಓದು ಬಾರದವರಿಗಾಗಿ, ಕಣ್ಣು ಕಾಣದವರಿಗಾಗಿ ಧ್ವನಿವರ್ಧಕದ ಘೋಷಣೆಯೂ ಜೊತೆಗಿರಬೇಕು. ಮಹಿಳೆಯರಿಗೆ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಮೇಲೆ ಒಂಟಿಯಾಗಿ ಪೇಟೆಗೆ ಬರುವ ವಯಸ್ಸಾದ ತಾಯಂದಿರೂ ಈ ಫಲಕದ ಗಿರಾಕಿಗಳೇ.

ಬಾಳಿಕೆಯ ವಿಚಾರದಲ್ಲಿ ವಿಜಯಪುರ ಜಿಲ್ಲೆಯ ಬೇಸಿಗೆಯನ್ನು ಮರೆಯಲಾಗದು. ಹೊರಗೆ 40 ಡಿಗ್ರಿ ದಾಟಿದಾಗ ಬಿಸಿಲಿಗೆ ನಿಂತ ತಗಡಿನ ಪೆಟ್ಟಿಗೆಯ ಒಳಗೆ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಮೊದಲು ಕೆಡುವುದು ದೀಪವಲ್ಲ, 5 ವೋಲ್ಟಿನ ವಿದ್ಯುತ್ ಪೂರೈಕೆಯ ಘಟಕ. ಅದರೊಳಗಿನ ಕೆಪಾಸಿಟರುಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆಂಬುದು ತಂತ್ರಜ್ಞರ ರೂಢಿಯ ಲೆಕ್ಕ. ಬೇಕಾದುದಕ್ಕಿಂತ ಹೆಚ್ಚು ಸಾಮರ್ಥ್ಯದ ಘಟಕ, ಮೇಲೊಂದು ನೆರಳಿನ ತಗಡು, ಗಾಳಿ ಆಡುವ ಆದರೆ ದೂಳು ಹೊಗದ ಕಿಂಡಿ, ಇವಿಷ್ಟು ಸ್ಥಳೀಯ ವೆಲ್ಡಿಂಗ್ ಅಂಗಡಿಗೆ ಸಾಧ್ಯವಾದ ಕೆಲಸಗಳೇ. ಹೆಸ್ಕಾಂ ಪೂರೈಕೆ ನಿಂತಾಗ ಫಲಕ ಆರದಂತೆ ಒಂದು ಬ್ಯಾಟರಿಯೂ ಬೇಕು.

ಸರ್ಕಾರಿ ಸಂಸ್ಥೆಗಳ ಖರೀದಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರಂತೆ ಟೆಂಡರ್ ಮೂಲಕ ನಡೆಯುತ್ತದೆ. ಅಲ್ಲಿ ಕೇವಲ ಫಲಕದ ದರ ನೋಡಿ ಬೆಲೆ ಕೂಗುವುದು ಅವಿವೇಕ. ನಿರ್ವಹಣೆಯ ವರ್ಷಗಳಲ್ಲಿ ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಒಬ್ಬ ಮೆಕ್ಯಾನಿಕ್ಕನ ಓಡಾಟ, ಬದಲಿ ತುಂಡುಗಳು, ಪ್ರತಿ ಫಲಕದ ಸಿಮ್ ಬಾಡಿಗೆ ಇವನ್ನು ಕೂಡಿಸದ ದರಪಟ್ಟಿ ಎರಡನೆಯ ವರ್ಷವೇ ನಷ್ಟಕ್ಕೆ ತಿರುಗುತ್ತದೆ. ಹತ್ತಿರದಲ್ಲಿರುವುದೇ ಸಣ್ಣ ತಯಾರಕನ ಬಲ: ದೂರದ ಕಂಪನಿ ವಾರಕ್ಕೊಮ್ಮೆ ಬರುವಲ್ಲಿ ಇಂಡಿಯ ವರ್ಕ್‌ಶಾಪಿನವನು ಮಧ್ಯಾಹ್ನದೊಳಗೆ ಬರಬಲ್ಲ. ಜಾಹೀರಾತಿನಿಂದ ಖರ್ಚು ತೂಗಿಸುವ ಸಲಹೆಯೂ ಆಗಾಗ ಕೇಳಿಬರುತ್ತದೆ. ತಪ್ಪಿಲ್ಲ, ಆದರೆ ಜಾಹೀರಾತಿಗೆ ಫಲಕದ ಒಂದು ಪಕ್ಕವನ್ನು ಕೊಡಬೇಕೇ ಹೊರತು ಸರದಿಯನ್ನಲ್ಲ. ಸೀರೆ ಅಂಗಡಿಯ ಹೆಸರು ಅರ್ಧ ನಿಮಿಷ ಬೆಳಗುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ವ್ಯಾಪಾರಸ್ಥರ ಪಾತ್ರ

2021ರ ಫೆಬ್ರುವರಿಯಲ್ಲಿ ಆರಂಭವಾದ ‘ನಮ್ಮ ಕಾರ್ಗೋ’ ಸೇವೆಯಿಂದ ಬಸ್ಸಿನಲ್ಲಿ ಪಾರ್ಸಲ್ ಕಳುಹಿಸುವುದು ಅಧಿಕೃತ ವ್ಯವಹಾರವಾಗಿದೆ. ಗಂಟು ಇಳಿಸಿಕೊಳ್ಳಲು ಹುಡುಗನನ್ನು ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಕಳುಹಿಸಬೇಕೆಂಬುದು ಬಸ್ಸಿನ ಸ್ಥಾನ ತಿಳಿದರೆ ಗೊತ್ತಾಗುತ್ತದೆ. ಇಂಡಿಯ ಲಿಂಬೆಯಂಥ ಬಾಡುವ ಸರಕಿನವರಿಗೆ ಈ ತಿಳಿವಳಿಕೆಯ ಬೆಲೆ ಇನ್ನೂ ಹೆಚ್ಚು.

ಆದುದರಿಂದ ವ್ಯಾಪಾರಿ ಸಂಘಗಳು ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ ಮನವಿ ಸಲ್ಲಿಸುವಾಗ ‘ಫಲಕ ಬೇಕು’ ಎಂದಷ್ಟೇ ಬರೆಯುವುದು ಸಾಲದು. ಬಸ್ಸುಗಳ ಸ್ಥಾನದ ಮಾಹಿತಿಯನ್ನು ಸಾರ್ವಜನಿಕವಾಗಿ ಮುಕ್ತಗೊಳಿಸುವಂತೆ ಕೇಳುವುದು ಹೆಚ್ಚು ಲಾಭದಾಯಕ. ಅಮೆರಿಕದ ಪೋರ್ಟ್‌ಲೆಂಡ್ ನಗರದ ಸಾರಿಗೆ ಸಂಸ್ಥೆಯೂ ಗೂಗಲ್ ಕಂಪನಿಯೂ 2005ರಲ್ಲಿ ಸೇರಿ ರೂಪಿಸಿದ ಜಿ.ಟಿ.ಎಫ್.ಎಸ್. ಎಂಬ ಸಾಮಾನ್ಯ ನಮೂನೆಯಲ್ಲಿ ಮಾಹಿತಿ ದೊರೆತರೆ, ಅದೇ ಮಾಹಿತಿ ನಿಲ್ದಾಣದ ಫಲಕಕ್ಕೂ ಅಂಗಡಿಯ ಮೊಬೈಲಿಗೂ ಒದಗುತ್ತದೆ. ಆಗ ತಾಲೂಕು ಕೇಂದ್ರದ ನಿಲ್ದಾಣಕ್ಕೊಂದು ದೊಡ್ಡ ಫಲಕ ಸಾಕು; ಮೋರಟಗಿಯಂಥ ಊರಿನಲ್ಲಿ ತಂಗುದಾಣದ ಎದುರಿನ ಕಿರಾಣಿ ಅಂಗಡಿಯವರು ಒಂದು ಸಣ್ಣ ಪರದೆಯನ್ನು ಬೀದಿಯ ಕಡೆ ತಿರುಗಿಸಿಟ್ಟರೂ ಕೆಲಸ ನಡೆಯುತ್ತದೆ. ಅದೂ ಆಗುವವರೆಗೆ, ಸಂಜೆಯ ಕೊನೆಯ ಬಸ್ಸೂ ವಸ್ತಿ ಬಸ್ಸೂ ಸಿಂದಗಿ ಬಿಟ್ಟ ಸಮಯವನ್ನು ಸಂಚಾರ ನಿಯಂತ್ರಕರ ಕೊಠಡಿಯಿಂದ ದಾರಿಯ ಊರುಗಳ ಅಂಗಡಿಗಳಿಗೆ ಒಂದು ಸಂದೇಶದಲ್ಲಿ ತಿಳಿಸುವ ಏರ್ಪಾಡನ್ನು ಸಂಘಗಳು ಘಟಕದೊಂದಿಗೆ ಮಾತನಾಡಿ ಮಾಡಿಕೊಳ್ಳಬಹುದು. ಅದಕ್ಕೆ ಟೆಂಡರ್ ಬೇಕಾಗಿಲ್ಲ.