ಗುರಿ ತಪ್ಪಿದವರಿಗೆ ಒಳ್ಳೆಯ ಮೈದಾನ: ಡರ್ಹಮ್ ಸುತ್ತ ಕ್ಲೇ ಶೂಟಿಂಗ್‌ಗೆ ಹೊಸಬರಾಗಿ ಹೋಗುವವರಿಗೆ

ಉತ್ತರ ಕ್ಯಾರೊಲೈನಾದ ಡರ್ಹಮ್ ಕಡೆಯ ನಮ್ಮ ಜನ ಕ್ಲೇ ಶೂಟಿಂಗ್‌ಗೆ ಹೋಗಬೇಕೆಂದುಕೊಂಡಾಗ ಕೇಳುವುದು ಎರಡೇ ಪ್ರಶ್ನೆ: ಯಾವುದು ಹತ್ತಿರ, ಎಷ್ಟಾಗುತ್ತದೆ? ಹತ್ತಿರದ್ದೆಂದರೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಪಕ್ಕದ ಮಾರಿಸ್‌ವಿಲ್‌ನಲ್ಲಿರುವ ಡರ್ಹಮ್ ಕೌಂಟಿ ವೈಲ್ಡ್‌ಲೈಫ್ ಕ್ಲಬ್. ಅದು ಸದಸ್ಯರ ಕ್ಲಬ್ಬು, ಹೊರಗಿನವರಿಗೆ ಯಾವಾಗ ಬಿಡುತ್ತಾರೆಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಬೇಕು. ಸ್ವಲ್ಪ ದೂರ ಹೋಗುವ ಮನಸ್ಸಿದ್ದರೆ ಫ್ಯೂಕ್ವೇ-ವರೀನಾದ ಡ್ರೇಕ್ ಲ್ಯಾಂಡಿಂಗ್ ಇದೆ. ಇನ್ನೂ ದಕ್ಷಿಣಕ್ಕೆ, ಸುಮಾರು ಒಂದು ಗಂಟೆ ಕಾರು ಓಡಿಸಿದರೆ, ಸ್ಯಾನ್‌ಫರ್ಡ್ ಬಳಿ ಡೀಪ್ ರಿವರ್ ಸ್ಪೋರ್ಟಿಂಗ್ ಕ್ಲೇಸ್ ಇದೆ. ಅಲ್ಲಿ ಕಲಿಸುವ ಶಾಲೆಯೂ ಉಂಟು. ದೂರ, ದರ ಎರಡೂ ಮುಖ್ಯವೇ. ಆದರೆ ಹೊಸಬರು ಕೇಳಬೇಕಾದ ಪ್ರಶ್ನೆ ಬೇರೆ: ನಾನು ತಪ್ಪಿದಾಗ ಯಾಕೆ ತಪ್ಪಿದೆ ಅಂತ ಈ ಜಾಗದಲ್ಲಿ ನನಗೆ ಗೊತ್ತಾಗುತ್ತದೆಯೇ? ಮೊದಲ ದಿನ ನೀವು ಹೊಡೆಯುವುದಕ್ಕಿಂತ ತಪ್ಪುವುದೇ ಹೆಚ್ಚು. ಹಾಗಾಗಿ ಮೈದಾನದ ಯೋಗ್ಯತೆಯನ್ನು ಅದರಿಂದಲೇ ಅಳೆಯಿರಿ.

ಮೊದಲು ಆಟ ಏನೆಂದು ನೋಡೋಣ. ಯಂತ್ರವೊಂದು ಅಂಗೈಯಗಲದ ಬಿಲ್ಲೆಯನ್ನು ಗಾಳಿಗೆ ಎಸೆಯುತ್ತದೆ. ಅಮೆರಿಕದಲ್ಲಿ ಮಾಮೂಲಿ ಬಿಲ್ಲೆ 108 ಮಿಲಿಮೀಟರ್ ಅಗಲ, ನೂರು ಗ್ರಾಂ ಚಿಲ್ಲರೆ ತೂಕ. ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಸೇರಿಸಿ ಒತ್ತಿ ಮಾಡಿದ್ದು. ಅದನ್ನು ಚರೆ ತುಂಬಿದ ತೋಟಾದಿಂದ ಒಡೆಯಬೇಕು. ಹಿಂದೆ ಜೀವಂತ ಪಾರಿವಾಳಗಳನ್ನೇ ಹಾರಿಬಿಟ್ಟು ಹೊಡೆಯುತ್ತಿದ್ದರು, ಆಮೇಲೆ ಗಾಜಿನ ಬುರುಡೆ ಬಂತು. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಹಾರುವ ಬಿಲ್ಲೆಗೆ ಪೇಟೆಂಟ್ ಪಡೆದ ಮೇಲೆ ಈಗಿನ ಆಟ ಶುರುವಾಯಿತು.

ಕಾಲೇಜಿನಲ್ಲಿ ಎನ್‌ಸಿಸಿ ಸೇರಿ .22 ರೈಫಲ್ ಹೊಡೆದವರು ನಮ್ಮಲ್ಲಿ ಬಹಳ ಜನ. ಕೊಡಗಿನವರಾದರೆ ಕೈಲ್ ಮುಹೂರ್ತದ ದಿನ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವರು. ಎರಡರಲ್ಲೂ ಗುರಿ ನಿಂತಲ್ಲೇ ನಿಂತಿರುತ್ತದೆ: ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ನಿಧಾನವಾಗಿ ಟ್ರಿಗರ್ ಎಳೆದರೆ ಸರಿ. ಇಲ್ಲಿ ಆ ಅಭ್ಯಾಸವೇ ಕಾಲಿಗೆ ತೊಡರುತ್ತದೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಮೈಲಿ ವೇಗದ ಬಿಲ್ಲೆ ಸೆಕೆಂಡಿಗೆ ಸುಮಾರು 59 ಅಡಿ ಹೋಗುತ್ತದೆ. 25 ಗಜ ದೂರದಲ್ಲಿ ಅದು ನಿಮ್ಮೆದುರು ಅಡ್ಡಲಾಗಿ ಹಾಯುತ್ತಿದೆ ಎನ್ನಿ. ಚರೆ ಅಲ್ಲಿಗೆ ತಲುಪಲು ಸೆಕೆಂಡಿನ ಹದಿಮೂರನೆಯ ಒಂದು ಭಾಗದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಬಿಲ್ಲೆ ನಾಲ್ಕೂವರೆ ಅಡಿ ಮುಂದೆ ಹೋಗಿಬಿಟ್ಟಿರುತ್ತದೆ. ಬಿಲ್ಲೆಗೇ ಗುರಿಯಿಟ್ಟವರು ಯಾವಾಗಲೂ ಅದರ ಬಾಲಕ್ಕೆ ಹೊಡೆಯುತ್ತಾರೆ. ಅದಕ್ಕೇ ಎರಡೂ ಕಣ್ಣು ತೆರೆದು, ಬಿಲ್ಲೆಯನ್ನೇ ನೋಡುತ್ತ, ನಳಿಗೆಯನ್ನು ಅದರ ಜೊತೆ ಓಡಿಸಿ, ಮುಂದೆ ದಾಟಿಸಿ, ಕೈ ನಿಲ್ಲಿಸದೆ ಹೊಡೆಯಬೇಕು. ಬೌಂಡರಿ ಕಡೆ ಓಡುವ ಚೆಂಡನ್ನು ತಡೆಯಲು ಫೀಲ್ಡರ್ ಅದು ಹೋಗಿ ಸೇರುವ ಜಾಗಕ್ಕೆ ಓಡುತ್ತಾನಲ್ಲ, ಲೆಕ್ಕ ಅದೇ.

ಇನ್ನು ಆಟದ ಬಗೆಗಳು. ಟ್ರ್ಯಾಪ್‌ನಲ್ಲಿ ಯಂತ್ರ 16 ಗಜ ಮುಂದಿರುತ್ತದೆ, ಬಿಲ್ಲೆ ನಿಮ್ಮಿಂದ ದೂರ ಹೋಗುತ್ತದೆ, ಯಾವ ಕೋನಕ್ಕೆ ಎನ್ನುವುದು ಮುಂಚೆ ಗೊತ್ತಾಗದು. ಸ್ಕೀಟ್‌ನಲ್ಲಿ ಎತ್ತರದ್ದೊಂದು ತಗ್ಗಿನದ್ದೊಂದು ಎರಡು ಗೂಡು. ಬಿಲ್ಲೆ ಪ್ರತಿಸಲವೂ ಅದೇ ದಾರಿಯಲ್ಲಿ ಬರುತ್ತದೆ, ನೀವು ಎಂಟು ಜಾಗಗಳಿಂದ ಅದನ್ನು ಎದುರಿಸುತ್ತೀರಿ. ಸ್ಪೋರ್ಟಿಂಗ್ ಕ್ಲೇಸ್ ಎಂದರೆ ಕಾಡಿನ ದಾರಿಯಲ್ಲಿ ನಡೆಯುತ್ತ ಹತ್ತು ಹದಿನೈದು ಕಟ್ಟೆಗಳಲ್ಲಿ ನಿಂತು, ಒಂದೊಂದರಲ್ಲೂ ಬೇರೆ ಬೇರೆ ಬಗೆಯ ಹಾರಾಟಕ್ಕೆ ಹೊಡೆಯುವುದು: ತಲೆಯ ಮೇಲಿನಿಂದ ಹಾಯುವುದು, ಕೆರೆಯ ಆಚೆಯಿಂದ ಇಳಿಯುವುದು, ನೆಲದ ಮೇಲೆ ಮೊಲದಂತೆ ಕುಪ್ಪಳಿಸುವುದು. ನೋಡಲು ಚೆಂದ, ಫೋಟೋಗೂ ಚೆಂದ. ಹಾಗೆಂದೇ ಎಲ್ಲರೂ ಮೊದಲ ದಿನವೇ ಅದಕ್ಕೆ ನುಗ್ಗುತ್ತಾರೆ. ನನ್ನ ಸಲಹೆ ಕೇಳಿದರೆ ಸ್ಕೀಟ್‌ನಿಂದ ಶುರುಮಾಡಿ, ಅದರಲ್ಲೂ ಏಳನೆಯ ಜಾಗದಲ್ಲಿ ನಿಂತು ತಗ್ಗಿನ ಗೂಡಿನ ಬಿಲ್ಲೆ ಕೇಳಿ. ಅದು ನಿಮ್ಮ ಪಕ್ಕದಿಂದಲೇ ಹೊರಟು ಹೆಚ್ಚುಕಡಿಮೆ ನೇರವಾಗಿ ಮುಂದೆ ಹೋಗುತ್ತದೆ, ಮುಂಗಡ ಲೆಕ್ಕ ಬೇಕಿಲ್ಲ. ನಿಂತ ಭಂಗಿ, ಕೆನ್ನೆ, ಭುಜ ಸರಿಯಿದ್ದರೆ ಒಡೆಯುತ್ತದೆ. ಒಡೆಯದಿದ್ದರೆ ತಪ್ಪು ಎಲ್ಲಿದೆಯೆಂದು ಹುಡುಕಲು ಅಲ್ಲಿ ಬೇರೆ ಗೊಂದಲವಿಲ್ಲ. ಹೊಸಬರನ್ನು ತಾವಾಗಿಯೇ ಅಲ್ಲಿಗೆ ಕರೆದೊಯ್ಯುವ ಮೈದಾನವಾದರೆ ಅರ್ಧ ಪರೀಕ್ಷೆ ಪಾಸಾದ ಹಾಗೆ.

ಇಲ್ಲೊಂದು ವಿಷಯ ಹೇಳಲೇಬೇಕು, ಏಕೆಂದರೆ ಮೈದಾನದ ಕೌಂಟರಿನಲ್ಲಿ ಕೆಲವೊಮ್ಮೆ ಯಾರೂ ಹೇಳುವುದಿಲ್ಲ. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಕೈಯಲ್ಲಿ ಹಿಡಿಯುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬಾಡಿಗೆ ಬಂದೂಕಾದರೂ ಸರಿ, ಗೆಳೆಯರು ಎರಡು ನಿಮಿಷಕ್ಕೆ ಕೊಟ್ಟದ್ದಾದರೂ ಸರಿ. ಇದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಅನ್ವಯಿಸುವುದು, ಅಮೆರಿಕದಲ್ಲಿ ಕಾನೂನುಬದ್ಧವಾಗಿ ಪಡೆದ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು. ಬೇಟೆ ಆಡಲೇಬೇಕೆಂದೇನೂ ಇಲ್ಲ, ಲೈಸೆನ್ಸ್ ಇದ್ದರಾಯಿತು. ಉತ್ತರ ಕ್ಯಾರೊಲೈನಾದಲ್ಲಿ ಅದನ್ನು ಕೊಡುವುದು ರಾಜ್ಯದ ವನ್ಯಜೀವಿ ಸಂಪನ್ಮೂಲ ಆಯೋಗ. ಬೇಟೆ ಸುರಕ್ಷತೆಯ ಕೋರ್ಸನ್ನೂ ಅದೇ ನಡೆಸುತ್ತದೆ, ಹೊಸಬರಿಗೆ ಆ ಕೋರ್ಸು ಹೇಗೂ ಒಳ್ಳೆಯದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧವಿಲ್ಲ. ಆಫೀಸಿನವರೆಲ್ಲ ಸೇರಿ ಹೋಗುವ ಪ್ರವಾಸದಲ್ಲಿ ಸಂಕೋಚಕ್ಕೆ ಬಿದ್ದು ಕೋವಿ ಹಿಡಿದು ಆಮೇಲೆ ವಲಸೆ ವಕೀಲರ ಮುಂದೆ ಕೂರುವುದಕ್ಕಿಂತ, "ಈ ಸಲ ನಾನು ಸ್ಕೋರ್ ಬರೆದುಕೊಳ್ಳುತ್ತೇನೆ" ಎನ್ನುವುದು ಲೇಸು. ಅನುಮಾನವಿದ್ದರೆ ಆ ವಕೀಲರನ್ನೇ ಮೊದಲು ಕೇಳಿ.

ಈಗ ಮೈದಾನದೊಳಗೆ ಬನ್ನಿ. ಮೊದಲು ಆಕಾಶ ನೋಡಿ. ಬಿಲ್ಲೆ ಯಾವ ಹಿನ್ನೆಲೆಯಲ್ಲಿ ಕಾಣುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ಸುತ್ತಮುತ್ತ ಎಲ್ಲೆಲ್ಲೂ ಲಾಬ್ಲಾಲಿ ಪೈನ್ ಮರಗಳು. ವರ್ಷವಿಡೀ ದಟ್ಟ ಹಸಿರು. ಅದರೆದುರು ಕಪ್ಪು ಬಿಲ್ಲೆ ಹಾರಿಸಿದರೆ ಹೊಸಬರ ಕಣ್ಣಿಗೆ ಅದು ಕಾಣುವಷ್ಟರಲ್ಲಿ ನೆಲಕ್ಕೆ ಬಿದ್ದಿರುತ್ತದೆ. ತಿಳಿದವರು ಅಂಥ ಕಡೆ ಕಿತ್ತಳೆ ಬಣ್ಣದ್ದನ್ನು ಬಳಸುತ್ತಾರೆ, ತೆರೆದ ಆಕಾಶದ ಕಡೆ ಕಪ್ಪು. ಟ್ರ್ಯಾಪ್, ಸ್ಕೀಟ್ ಅಂಗಳಗಳನ್ನು ಉತ್ತರ ಅಥವಾ ಈಶಾನ್ಯಕ್ಕೆ ಮುಖಮಾಡಿ ಕಟ್ಟುವುದು ವಾಡಿಕೆ, ದಿನದ ಬಹುಪಾಲು ಬಿಸಿಲು ಬೆನ್ನ ಹಿಂದೆ ಇರಲೆಂದು. ಆದರೆ ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಈಶಾನ್ಯದ ಕಡೆಯೇ. ತಂಪು ಹೊತ್ತೆಂದು ಬೆಳ್ಳಂಬೆಳಿಗ್ಗೆ ಹೋದರೆ ಬಿಲ್ಲೆ ಬಿಸಿಲಿನಲ್ಲೇ ಮಾಯವಾಗಬಹುದು. ಹತ್ತರ ಮೇಲೆ ಬನ್ನಿ ಎಂದು ತಾವಾಗಿಯೇ ಹೇಳುವ ಮೈದಾನದವರಿಗೆ ತಮ್ಮ ಜಾಗದ ಗುಣ ಗೊತ್ತಿದೆ.

ಎರಡನೆಯದು, ಬಾಡಿಗೆ ಕೋವಿ. ಅಲ್ಲಿ ಎಲ್ಲರಿಗೂ ಒಂದೇ ಅಳತೆಯ ಭಾರದ 12 ಬೋರ್ ಕೋವಿ ಕೈಗಿಟ್ಟರೆ ಅನುಮಾನಪಡಿ. ಐದಡಿ ಎತ್ತರದವರಿಗೂ ಆರಡಿ ಎತ್ತರದವರಿಗೂ ಒಂದೇ ಉದ್ದದ ಹಿಡಿ ಹೊಂದುವುದಿಲ್ಲ. ಹೊಂದದ ಕೋವಿ ಕೆನ್ನೆಗೆ ಬಡಿಯುತ್ತದೆ; ಬಡಿದಲ್ಲಿಂದ ಮುಂದೆ ನೀವು ಪ್ರತಿ ಹೊಡೆತಕ್ಕೂ ಮೊದಲೇ ತಲೆ ಎತ್ತಿಬಿಡುತ್ತೀರಿ, ಬಿಲ್ಲೆಯ ಮೇಲಿನಿಂದ ಚರೆ ಹೋಗುತ್ತದೆ. 20 ಬೋರ್, ಮೆತ್ತನೆಯ ತೋಟಾ, ಗಿಡ್ಡ ಹಿಡಿಯ ಒಂದೆರಡು ಕೋವಿ ಇಟ್ಟಿರುವ ಜಾಗವೇ ಒಳ್ಳೆಯದು. ಕೋವಿ ಕೊಡುವ ಮೊದಲು ಕಣ್ಣು ಪರೀಕ್ಷಿಸುತ್ತಾರೆಯೇ ನೋಡಿ. ಎರಡೂ ಕೈ ಚಾಚಿ ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ದೂರದ ಕಂಬವೊಂದನ್ನು ನೋಡುತ್ತ ಕೈಗಳನ್ನು ಮುಖದ ಹತ್ತಿರ ತನ್ನಿ. ಕಿಂಡಿ ಯಾವ ಕಣ್ಣಿಗೆ ಬಂದು ನಿಲ್ಲುತ್ತದೋ ಅದೇ ನಿಮ್ಮ ಯಜಮಾನ ಕಣ್ಣು. ಬಲಗೈಯವರಿಗೆ ಎಡಗಣ್ಣು ಯಜಮಾನನಾಗಿದ್ದರೆ ದಿನವಿಡೀ ಹೊಡೆದರೂ ಲೆಕ್ಕ ತಪ್ಪುತ್ತಲೇ ಇರುತ್ತದೆ. ಅದಕ್ಕೆ ಪರಿಹಾರ ಸುಲಭ: ಕನ್ನಡಕದ ಎಡ ಗಾಜಿಗೆ ಮಬ್ಬು ಟೇಪಿನ ಚುಕ್ಕೆ ಅಂಟಿಸಬಹುದು, ಇಲ್ಲವೇ ಎಡ ಭುಜಕ್ಕೆ ಬದಲಾಯಿಸಬಹುದು. ಪರೀಕ್ಷೆಗೆ ಅರ್ಧ ನಿಮಿಷ ಸಾಕು.

ಮೂರನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ನಿಮ್ಮ ಹಿಂದೆ ನಿಲ್ಲುವ ಮನುಷ್ಯ. ಒಳ್ಳೆಯ ಕಲಿಸುಗರು ನಿಮ್ಮ ಬಲಭುಜದ ಹಿಂದೆ ನಿಂತು ನಳಿಗೆಯ ನೇರಕ್ಕೆ ನೋಡುತ್ತಾರೆ. ಪಳಗಿದ ಕಣ್ಣಿಗೆ ಚರೆಯ ಗುಂಪು ಬೂದಿ ಬಣ್ಣದ ಮಸುಕಾಗಿ ಹಾರುವುದು ಕಾಣುತ್ತದೆ. "ಎರಡಡಿ ಹಿಂದೆ, ಬಿಲ್ಲೆಗಿಂತ ಕೆಳಗೆ, ಹೊಡೆಯುವಾಗ ಕೋವಿ ನಿಂತಿತು" ಎಂದು ಅವರು ಹೇಳಿದರೆ ಮುಂದಿನ ಹೊಡೆತಕ್ಕೆ ಏನು ಮಾಡಬೇಕೆಂದು ನಿಮಗೆ ತಿಳಿಯುತ್ತದೆ. ಪ್ರತಿಸಲ "ಹಿಂದೆ ಹೋಯಿತು" ಎಂದಷ್ಟೇ ಹೇಳುವವರೂ ಇದ್ದಾರೆ. ತಪ್ಪುಗಳಲ್ಲಿ ಹೆಚ್ಚಿನವು ಹಿಂದೆಯೇ ಆಗುವುದರಿಂದ ಕಣ್ಣು ಮುಚ್ಚಿಕೊಂಡು ಹೇಳಿದರೂ ಅವರ ಮಾತು ಬಹಳಷ್ಟು ಸಲ ನಿಜವಾಗಿರುತ್ತದೆ, ಜ್ಯೋತಿಷಿಗಳ ಹಾಗೆ! ಇನ್ನೊಂದು ಗುರುತು: ನೀವು ಒಂದೇ ಬಿಲ್ಲೆಯನ್ನು ಸಾಲಾಗಿ ತಪ್ಪಿದಾಗ ಒಳ್ಳೆಯವರು ಮುಂದಿನ ಕಟ್ಟೆಗೆ ನೂಕದೆ ಅದನ್ನೇ ಮತ್ತೆ ಮತ್ತೆ ಎಸೆಸುತ್ತಾರೆ, ಇಲ್ಲವೇ ಹತ್ತು ಹೆಜ್ಜೆ ಮುಂದೆ ನಿಲ್ಲಿಸಿ ಸುಲಭ ಮಾಡುತ್ತಾರೆ.

ಈ ರಾಜ್ಯಕ್ಕೆ ಕಲಿಸುವುದರಲ್ಲಿ ದೊಡ್ಡ ಹೆಸರೊಂದಿದೆ. ಸರ್ಕಸ್ ಮಾದರಿಯ ಪ್ರದರ್ಶನಗಳಿಂದ ಜಗತ್ಪ್ರಸಿದ್ಧಳಾದ ಆ್ಯನಿ ಓಕ್ಲಿ 1915ರಿಂದ ಹಲವು ಚಳಿಗಾಲಗಳನ್ನು ಗಂಡ ಫ್ರ್ಯಾಂಕ್ ಬಟ್ಲರ್ ಜೊತೆ ಪೈನ್‌ಹರ್ಸ್ಟ್‌ನಲ್ಲಿ ಕಳೆದಳು. ಡರ್ಹಮ್‌ನಿಂದ ಅದು ಒಂದೂವರೆ ಗಂಟೆಯ ದಾರಿ. ಅಲ್ಲಿನ ಗನ್ ಕ್ಲಬ್ಬಿನಲ್ಲಿ ಅವಳಿಂದ ಕೋವಿ ಹಿಡಿಯಲು ಕಲಿತ ಹೆಂಗಸರು ಬಹಳ. 1922ರಲ್ಲಿ, ಅರವತ್ತು ದಾಟಿದ ಮೇಲೆ, ಅದೇ ಊರಿನಲ್ಲಿ 16 ಗಜದಿಂದ ನೂರಕ್ಕೆ ನೂರು ಬಿಲ್ಲೆ ಒಡೆದಳು. ಗಂಡಸರ ಆಟ ಎಂದು ಹಿಂಜರಿಯುವ ಗೆಳತಿಯರಿಗೆ ನಾನು ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಸುರಕ್ಷತೆಯನ್ನು ಗೋಡೆಯ ಬೋರ್ಡಿನಲ್ಲಿ ಹುಡುಕಬೇಡಿ, ಹಳಬರ ನಡವಳಿಕೆಯಲ್ಲಿ ನೋಡಿ. ಜೋಡು ನಳಿಗೆ ಕೋವಿ ನಡುವೆ ಮಡಚಿಯೇ ಇರಬೇಕು, ಖಾಲಿಯಿರುವುದು ದಾರಿಯಲ್ಲಿ ಹೋಗುವವರಿಗೂ ಕಾಣಬೇಕು. ತೋಟಾ ತುಂಬುವುದು ಕಟ್ಟೆಯಲ್ಲಿ ನಿಂತು ನಿಮ್ಮ ಸರದಿ ಬಂದಾಗ ಮಾತ್ರ. ಕಿವಿ, ಕಣ್ಣಿಗೆ ರಕ್ಷಣೆ ನೋಡಲು ಬಂದವರಿಗೂ ಕಡ್ಡಾಯ, ಒಡೆದ ಬಿಲ್ಲೆಯ ಚೂರು ಹಿಂದಕ್ಕೂ ಹಾರುತ್ತದೆ. ವರ್ಷಗಟ್ಟಲೆ ಹೊಡೆಯುತ್ತಿರುವ ಹಿರಿಯರೊಬ್ಬರನ್ನೂ ನಿಯಮ ತಪ್ಪಿದಾಗ ಸಿಬ್ಬಂದಿ ನಗುತ್ತಲೇ ತಡೆದರೆ, ಮಕ್ಕಳನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ.

ಸೀಸದ ಮಾತನ್ನೂ ಆಡಬೇಕು. ಚರೆ ಸಾಮಾನ್ಯವಾಗಿ ಸೀಸದ್ದು, ಹೊಡೆದದ್ದೆಲ್ಲ ಎದುರಿನ ಮಣ್ಣಿಗೇ ಬೀಳುತ್ತದೆ. ಆಮ್ಲೀಯ ಮಣ್ಣಿನಲ್ಲಿ ಸೀಸ ಬೇಗ ಕರಗುತ್ತದೆ, ಹಳ್ಳದ ನೀರಿಗೂ ಸೇರಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೊರಾಂಗಣ ಮೈದಾನಗಳಿಗೆಂದೇ ಮಾರ್ಗದರ್ಶಿ ಪ್ರಕಟಿಸಿದೆ: ಮಣ್ಣಿಗೆ ಸುಣ್ಣ ಹಾಕುವುದು, ಆಗಾಗ ಚರೆಯನ್ನು ಬಳಿದು ತೆಗೆದು ಮರುಬಳಕೆಗೆ ಕಳಿಸುವುದು ಅದರಲ್ಲಿವೆ. ಎಷ್ಟು ವರ್ಷಕ್ಕೊಮ್ಮೆ ತೆಗೆಸುತ್ತೀರಿ ಎಂದು ಕೇಳಿ. ಉತ್ತರ ಥಟ್ಟನೆ ಬಂದರೆ ಒಳ್ಳೆಯ ಲಕ್ಷಣ. ನಿಮ್ಮ ಕೆಲಸ ಸಣ್ಣದು: ತಿಂಡಿ ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯುವುದು, ಶೂ ಮನೆಯ ಹೊರಗೇ ಬಿಡುವುದು. ಗರ್ಭಿಣಿಯರು ಆ ವರ್ಷ ಬಿಡುವುದೇ ಸರಿ.

ಸದ್ದಿನ ವಿಷಯವೂ ಇದೆ. ಊರು ಬೆಳೆದಂತೆ ಮನೆಗಳು ಮೈದಾನದ ಅಂಚಿಗೆ ಬಂದಿವೆ. ಮೈದಾನ ಮೊದಲೇ ಇದ್ದು ಆಮೇಲೆ ಪಕ್ಕದಲ್ಲಿ ಮನೆ ಕೊಂಡವರು ಸದ್ದಿಗಾಗಿ ದಾವೆ ಹೂಡದಂತೆ ರಾಜ್ಯದ 1997ರ ಕಾಯ್ದೆಯೊಂದು ಬಹುಮಟ್ಟಿಗೆ ಕಾಪಾಡುತ್ತದೆ. ಆದರೂ ಭಾನುವಾರ ಬೆಳಿಗ್ಗೆ ತಡವಾಗಿ ತೆರೆಯುವ, ಸಂಜೆ ಹೊತ್ತಿಗೆ ನಿಲ್ಲಿಸುವ ಮೈದಾನದವರಿಗೆ ನೆರೆಯವರ ಮೇಲೆ ಗಮನವಿದೆ ಎಂದು ನಾನು ತಿಳಿಯುತ್ತೇನೆ.

ಹೋಗುವುದಾದರೆ ಶನಿವಾರ ಬೇಡ. ಗುಂಪುಗಳು ಬಂದು ಕಲಿಸುವವರಿಗೆ ಬಿಡುವಿರುವುದಿಲ್ಲ. ವಾರದ ನಡುವೆ, ಅಕ್ಟೋಬರ್ ಅಥವಾ ಮಾರ್ಚಿನಲ್ಲಿ ಹೋಗಿ. ಬೇಸಿಗೆಯಲ್ಲಿ ಕಾಡುದಾರಿಯ ಹುಲ್ಲಿನಲ್ಲಿ ಉಣ್ಣಿ ವಿಪರೀತ, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿಕೊಳ್ಳಬೇಕು. ಫೋನಿನಲ್ಲಿ ಮುಂಚಿತವಾಗಿ ಮೂರು ಮಾತು ಹೇಳಿ: ನಾವು ಹೊಸಬರು, ಕಲಿಸುವವರು ಬೇಕು, 20 ಬೋರ್ ಇದೆಯೇ. ಮೊದಲ ದಿನ 25 ಬಿಲ್ಲೆ ಸಾಕು, ಹೆಚ್ಚೆಂದರೆ 50. ಭುಜ ನೋಯತೊಡಗಿದ ಮೇಲೆ ಹೊಡೆಯುವುದೆಲ್ಲ ಕೆಟ್ಟ ಅಭ್ಯಾಸಕ್ಕೆ ಜಮೆ, ದುಡ್ಡೂ ದಂಡ.