ವಿದೇಶಿ ಉತ್ಪಾದಕರೊಡನೆ ವ್ಯಾಜ್ಯ: ಆಮದುದಾರರು ತಿಳಿದಿರಬೇಕಾದ ಸಂಗತಿಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ವಾಣಿಜ್ಯವೆಂದೊಡನೆ ಮೊದಲು ನೆನಪಾಗುವುದು ರೇಷ್ಮೆ. ಚರಕ, ಕಾಟೇಜ್ ಬೇಸಿನ್, ಮಲ್ಟಿಎಂಡ್ ಎಂಬ ಹಂತಗಳನ್ನು ದಾಟಿ ನಮ್ಮ ನೂಲು ಬಿಚ್ಚಾಣಿಕೆದಾರರಲ್ಲಿ ಹಲವರು ಇಂದು ಎ.ಆರ್.ಎಂ. ಎಂದೇ ಪರಿಚಿತವಾದ ಸ್ವಯಂಚಾಲಿತ ಯಂತ್ರಗಳನ್ನು ಅಳವಡಿಸಿಕೊಂಡಿದ್ದಾರೆ. ಈ ಯಂತ್ರಗಳು ಬಹುಮಟ್ಟಿಗೆ ಚೀನಾದಿಂದ ಆಮದಾದವು. ಸರ್ಕಾರದ ಸಹಾಯಧನವಿದ್ದರೂ ಉಳಿದ ಹಣಕ್ಕೆ ಬ್ಯಾಂಕ್ ಸಾಲವೇ ಗತಿ. ಆದ್ದರಿಂದ ಯಂತ್ರದಲ್ಲಿ ದೋಷ ಕಂಡುಬಂದಾಗ ಅಪಾಯಕ್ಕೆ ಸಿಲುಕುವುದು ವ್ಯಾಪಾರವಷ್ಟೇ ಅಲ್ಲ, ಅಡವಿಟ್ಟ ಮನೆ ಮತ್ತು ಜಮೀನು ಸಹ.

ಕೆಲವು ವರ್ಷಗಳ ಹಿಂದೆ ಕೂಟಗಲ್ ಹೋಬಳಿಯ ನೂಲು ಬಿಚ್ಚಾಣಿಕೆದಾರರೊಬ್ಬರು ಒಂದು ಕಡತವನ್ನು ಹಿಡಿದು ನಮ್ಮ ಕಚೇರಿಗೆ ಬಂದರು. ಅವರು 400 ಎಂಡ್‌ಗಳ ಯಂತ್ರವೊಂದನ್ನು ತರಿಸಿದ್ದರು. ಬೆಲೆಯ ಶೇ. 30ರಷ್ಟನ್ನು ಮುಂಗಡವಾಗಿಯೂ ಶೇ. 70ರಷ್ಟನ್ನು ಲೆಟರ್ ಆಫ್ ಕ್ರೆಡಿಟ್ ಮೂಲಕವೂ ಸಂದಾಯ ಮಾಡಿಯಾಗಿತ್ತು. ನೂಲು ಪದೇ ಪದೇ ತುಂಡಾಗುತ್ತಿತ್ತು, ಡೆನಿಯರ್ ಸಮನಾಗಿ ಬರುತ್ತಿರಲಿಲ್ಲ, ತ್ಯಾಜ್ಯ ಹೆಚ್ಚಾಗಿತ್ತು. ನಾಲ್ಕು ತಿಂಗಳ ಕಾಲ ಅವರು ಮಧ್ಯವರ್ತಿಯೊಡನೆ ದೂರವಾಣಿಯಲ್ಲಿ ಮಾತನಾಡಿದ್ದರೇ ಹೊರತು ಒಂದು ಪತ್ರವನ್ನೂ ಬರೆದಿರಲಿಲ್ಲ. ಕೊನೆಗೆ ಉತ್ಪಾದಕರಿಂದ ಬಂದ ಉತ್ತರ ಒಂದೇ ಸಾಲಿನದು: “ದೋಷವಿರುವುದು ಯಂತ್ರದಲ್ಲಲ್ಲ, ನಿಮ್ಮ ಗೂಡಿನಲ್ಲಿ.”

“ಸಾರ್, ಕೇಸು ಹಾಕಿದರೆ ಗೆಲ್ಲುತ್ತೇವೆಯೇ?” ಎಂದು ಅವರು ಕೇಳಿದರು. ಅವರ ಕಡತವನ್ನು ಓದಿದಾಗ ಮನದಟ್ಟಾದ ಅಂಶವೇ ಈ ಲೇಖನದ ತಿರುಳು: ವಿದೇಶಿ ಉತ್ಪಾದಕರೊಡನೆ ಉಂಟಾಗುವ ವ್ಯಾಜ್ಯದ ಸೋಲು ಗೆಲುವು ಬಹುಪಾಲು ನಿರ್ಧಾರವಾಗುವುದು ಎರಡೇ ಸಂದರ್ಭಗಳಲ್ಲಿ. ಒಂದು, ಖರೀದಿ ಆದೇಶವನ್ನು ಬರೆಯುವ ದಿನ. ಎರಡು, ಸರಕು ಬಂದ ನಂತರದ ಮೊದಲ ಮೂವತ್ತು ದಿನಗಳು. ನ್ಯಾಯಾಲಯವಾಗಲಿ ಮಧ್ಯಸ್ಥಿಕೆಯಾಗಲಿ ನಂತರದ ಮಾತು.

1. ಖರೀದಿ ಆದೇಶದಲ್ಲಿ ಏನಿರಬೇಕು?

ಮೇಲಿನ ಪ್ರಕರಣದಲ್ಲಿ ಕರಾರು ಎಂಬುದು ಒಂದು ಪುಟದ ಪ್ರೊಫಾರ್ಮಾ ಇನ್‌ವಾಯ್ಸ್ ಮಾತ್ರ. ಅದರಲ್ಲಿ ಯಂತ್ರದ ಹೆಸರು, ಎಂಡ್‌ಗಳ ಸಂಖ್ಯೆ ಮತ್ತು ಬೆಲೆ ಇದ್ದವು. ಯಾವ ಗೂಡಿಗೆ ಈ ಯಂತ್ರ ಎಂಬುದು ಇರಲಿಲ್ಲ. ಸ್ವಯಂಚಾಲಿತ ಯಂತ್ರಗಳು ಮುಖ್ಯವಾಗಿ ದ್ವಿತಳಿ ಗೂಡಿಗೆ ಹೊಂದುವಂತೆ ರೂಪುಗೊಂಡವು. ನಮ್ಮ ಮಾರುಕಟ್ಟೆಗಳಲ್ಲಾದರೋ ಮಿಶ್ರತಳಿ ಗೂಡು ಹೇರಳ. ದ್ವಿತಳಿಯ ಬೆಲೆ ಏರಿದಾಗ ರೀಲರುಗಳು ಮಿಶ್ರತಳಿಯತ್ತ ತಿರುಗುವುದು ಸಹಜ.

ಸರಕು ಮಾರಾಟ ಅಧಿನಿಯಮ, 1930ರ 16ನೆಯ ಪ್ರಕರಣವು ಸರಕು ನಿರ್ದಿಷ್ಟ ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬ ರಕ್ಷಣೆಯನ್ನು ಖರೀದಿದಾರನಿಗೆ ನೀಡುತ್ತದೆ. ಆದರೆ ಆ ಉದ್ದೇಶವನ್ನು ಮಾರಾಟಗಾರನಿಗೆ ತಿಳಿಯಪಡಿಸಿ, ಅವನ ಪರಿಣತಿಯನ್ನು ನಂಬಿ ಖರೀದಿಸಿರಬೇಕು. ತಿಳಿಸದೆ ಇದ್ದ ಉದ್ದೇಶಕ್ಕೆ ರಕ್ಷಣೆಯಿಲ್ಲ. ಆದುದರಿಂದ ಗೂಡಿನ ತಳಿ, ಬೇಕಾದ ಡೆನಿಯರ್, ದಿನದ ಉತ್ಪಾದನೆ, ರೆಂಡಿಟ್ಟಾ, ಬಳಸುವ ನೀರಿನ ಗುಣ, ವಿದ್ಯುತ್ ಮತ್ತು ಹಬೆಯ ಅಗತ್ಯ ಇವಿಷ್ಟನ್ನೂ ಅಂಕಿಗಳಲ್ಲಿ ಬರೆಯಿರಿ. “ಉತ್ತಮ ಗುಣಮಟ್ಟ” ಎಂಬ ಮಾತನ್ನು ಯಾವ ಮಧ್ಯಸ್ಥಗಾರನೂ ಅಳೆಯಲಾರ, ಅಂಕಿಯನ್ನು ಅಳೆಯಬಲ್ಲ.

ಇನ್ನೊಂದು ಅಂಶವನ್ನು ಗಮನಿಸಬೇಕು. ಅಂತರರಾಷ್ಟ್ರೀಯ ಸರಕು ಮಾರಾಟ ಕುರಿತ 1980ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಚೀನಾ ಸೇರಿದೆ, ಭಾರತ ಸೇರಿಲ್ಲ. ಯಾವ ದೇಶದ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಕರಾರಿನಲ್ಲಿ ಹೇಳದಿದ್ದರೆ ಆ ಪ್ರಶ್ನೆಯೇ ಒಂದು ಪ್ರತ್ಯೇಕ ವ್ಯಾಜ್ಯವಾಗುತ್ತದೆ.

ಎದುರು ಪಕ್ಷ ಯಾರೆಂಬುದೂ ಖಚಿತವಾಗಿರಬೇಕು. ಚೀನಾದ ಕಂಪನಿಯ ಅಧಿಕೃತ ಹೆಸರು ಚೀನೀ ಲಿಪಿಯಲ್ಲಿರುವುದೇ. ಇಂಗ್ಲಿಷ್ ಹೆಸರು ಕೇವಲ ಬಳಕೆಗೆ. ಚೀನೀ ಹೆಸರು, ಹದಿನೆಂಟು ಅಂಕಾಕ್ಷರಗಳ ನೋಂದಣಿ ಸಂಖ್ಯೆ ಮತ್ತು ಕಂಪನಿಯ ಮೊಹರು ಕರಾರಿನಲ್ಲಿರಲಿ. ಮಾತುಕತೆ ನಡೆಸುವವರು ಉತ್ಪಾದಕರೋ ಅಥವಾ ನಡುವಣ ವ್ಯಾಪಾರ ಸಂಸ್ಥೆಯೋ ಎಂಬುದನ್ನು ಮೊದಲೇ ಕೇಳಿ ತಿಳಿಯಿರಿ. ಬ್ಯಾಂಕ್ ಖಾತೆ ಅದೇ ಹೆಸರಿನಲ್ಲಿರಲಿ. ಖಾತೆ ಬದಲಾಗಿದೆಯೆಂಬ ಇ-ಮೇಲ್ ಬಂದರೆ ಮೊದಲೇ ತಿಳಿದಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ದೃಢಪಡಿಸಿಕೊಳ್ಳದೆ ಹಣ ಕಳುಹಿಸಬೇಡಿ.

2. ಹಣ ಸಂದಾಯದ ಕ್ರಮ

ಲೆಟರ್ ಆಫ್ ಕ್ರೆಡಿಟ್ ಇದ್ದರೆ ಸರಕಿನ ಗುಣಮಟ್ಟಕ್ಕೆ ಬ್ಯಾಂಕು ಹೊಣೆಯೆಂದು ಭಾವಿಸುವವರು ಬಹಳ. ಇದು ತಪ್ಪು. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯು.ಸಿ.ಪಿ. 600 ನಿಯಮಾವಳಿಯ 5ನೆಯ ವಿಧಿಯಂತೆ ಬ್ಯಾಂಕು ವ್ಯವಹರಿಸುವುದು ದಾಖಲೆಗಳೊಡನೆ, ಸರಕಿನೊಡನೆ ಅಲ್ಲ. ದಾಖಲೆಗಳು ಸರಿಯಿದ್ದರೆ ಪೆಟ್ಟಿಗೆಯೊಳಗೆ ಏನಿದ್ದರೂ ಹಣ ಸಂದಾಯವಾಗುತ್ತದೆ. ಪಾವತಿಗೆ ತಡೆಯಾಜ್ಞೆ ಕೋರಿದರೂ ಘೋರ ವಂಚನೆಯಂತಹ ಅಪರೂಪದ ಸಂದರ್ಭದಲ್ಲಲ್ಲದೆ ನಮ್ಮ ನ್ಯಾಯಾಲಯಗಳು ಅದನ್ನು ನೀಡುವುದಿಲ್ಲ.

ಹಾಗಾದರೆ ಉಪಾಯವೇನು? ಬ್ಯಾಂಕು ಕೇಳಬೇಕಾದ ದಾಖಲೆಗಳ ಪಟ್ಟಿಯಲ್ಲಿ ಸ್ವತಂತ್ರ ತಪಾಸಣಾ ಸಂಸ್ಥೆಯ ಪ್ರಮಾಣಪತ್ರವನ್ನು ಸೇರಿಸಿರಿ. ಹಡಗಿಗೇರುವ ಮುನ್ನ ಕಾರ್ಖಾನೆಯಲ್ಲಿಯೇ ಯಂತ್ರವನ್ನು ಓಡಿಸಿ ನೋಡಿದ ವರದಿಯಿಲ್ಲದೆ ಹಣವಿಲ್ಲ ಎಂದಾಗುತ್ತದೆ. ಎರಡನೆಯದಾಗಿ, ಬೆಲೆಯ ಒಂದು ಭಾಗವನ್ನು ಯಂತ್ರ ಇಲ್ಲಿ ಸ್ಥಾಪನೆಗೊಂಡು ಒಪ್ಪಿದ ಉತ್ಪಾದನೆ ಕೊಡುವವರೆಗೆ ಉಳಿಸಿಕೊಳ್ಳಿರಿ. ಉದಾಹರಣೆಗೆ ಒಂದು ಕೋಟಿ ರೂಪಾಯಿಯ ಯಂತ್ರಕ್ಕೆ 20 ಲಕ್ಷ ಮುಂಗಡ, 65 ಲಕ್ಷ ಎಲ್.ಸಿ., 15 ಲಕ್ಷ ಸ್ಥಾಪನೆಯ ನಂತರ ಎಂದಿಟ್ಟುಕೊಳ್ಳೋಣ. ದೋಷ ಕಂಡ ದಿನ ನಿಮ್ಮ ಕೈಯಲ್ಲಿರುವ ಆ 15 ಲಕ್ಷವು, ಮುಂದೆಂದೋ ಬರಬಹುದಾದ 30 ಲಕ್ಷದ ತೀರ್ಪಿಗಿಂತ ಹೆಚ್ಚು ಬೆಲೆಯುಳ್ಳದ್ದು. ಪೂರ್ತಿ ಹಣ ಪಡೆದ ಉತ್ಪಾದಕನಿಗೆ ತಂತ್ರಜ್ಞನನ್ನು ಕಳುಹಿಸುವ ಅವಸರವಿರುವುದಿಲ್ಲ.

ಮುಂಗಡ ಕಳುಹಿಸಿದ ಮೇಲೆ ಸರಕೇ ಬಾರದೆ ಹೋದರೆ ನಷ್ಟದ ಜೊತೆಗೆ ಇನ್ನೊಂದು ತೊಡಕಿದೆ. ಕಳುಹಿಸಿದ ವಿದೇಶಿ ವಿನಿಮಯಕ್ಕೆ ಪ್ರತಿಯಾಗಿ ಬಿಲ್ ಆಫ್ ಎಂಟ್ರಿ ದಾಖಲಾಗಬೇಕು. ಇಲ್ಲದಿದ್ದರೆ ಬ್ಯಾಂಕಿಗೆ ಉತ್ತರಿಸಬೇಕಾದವರು ಆಮದುದಾರರೇ. ಅಂತಹ ಸಂದರ್ಭದಲ್ಲಿ ಬ್ಯಾಂಕಿಗೆ ತಡಮಾಡದೆ ಲಿಖಿತವಾಗಿ ತಿಳಿಸಿರಿ.

3. ಸರಕು ಬಂದ ಮೇಲೆ: ಮೊದಲ ಮೂವತ್ತು ದಿನಗಳು

ಚೆನ್ನೈ ಬಂದರಿಗೆ ಇಳಿದು ವೈಟ್‌ಫೀಲ್ಡ್‌ನ ಒಳನಾಡು ಡಿಪೋ ಮೂಲಕವೋ ನೇರವಾಗಿಯೋ ಕಂಟೇನರ್ ನಮ್ಮ ಶೆಡ್ಡಿಗೆ ಬಂದ ದಿನ ಆತುರ ಬೇಡ. ಸೀಲಿನ ಸಂಖ್ಯೆಯನ್ನು ಬಿಲ್ ಆಫ್ ಲೇಡಿಂಗ್‌ನೊಡನೆ ಹೋಲಿಸಿ, ಬಾಗಿಲು ತೆರೆಯುವುದನ್ನು ಚಿತ್ರೀಕರಿಸಿ, ಪೆಟ್ಟಿಗೆಗಳನ್ನು ಪಟ್ಟಿಯೊಡನೆ ತಾಳೆ ನೋಡಿರಿ.

ನಷ್ಟಕ್ಕೆ ಹೊಣೆ ಯಾರೆಂಬುದನ್ನು ಆರಂಭದಲ್ಲಿಯೇ ಬೇರ್ಪಡಿಸಿಕೊಳ್ಳಬೇಕು. ಸಾಗಣೆಯಲ್ಲಿ ಆದ ಜಖಂಗೆ ಹಡಗು ಕಂಪನಿ ಮತ್ತು ವಿಮಾ ಕಂಪನಿ; ತಯಾರಿಕೆಯ ದೋಷಕ್ಕೆ ಉತ್ಪಾದಕ. ಸಾಗರ ವಿಮೆಯು ಸರಕಿನ ಸ್ವಾಭಾವಿಕ ದೋಷವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಹಡಗು ಕಂಪನಿಗೆ ಜಖಂ ತಿಳಿಸಲು ಕೆಲವೇ ದಿನಗಳ ಅವಧಿಯಿದ್ದು, ದಾವೆಗೆ ಸಾಮಾನ್ಯವಾಗಿ ಒಂದು ವರ್ಷದ ಮಿತಿಯಿದೆ.

ಉತ್ಪಾದಕರಿಗೆ ಲಿಖಿತ ಸೂಚನೆ ನೀಡುವುದು ಅತಿ ಮುಖ್ಯ. ಸರಕು ಮಾರಾಟ ಅಧಿನಿಯಮದ 42ನೆಯ ಪ್ರಕರಣದಂತೆ, ತಿರಸ್ಕರಿಸುತ್ತೇನೆಂದು ತಿಳಿಸದೆ ಯುಕ್ತ ಕಾಲದವರೆಗೆ ಸರಕನ್ನು ಇಟ್ಟುಕೊಂಡರೆ ಖರೀದಿದಾರನು ಅದನ್ನು ಅಂಗೀಕರಿಸಿದಂತೆ. ಅಂಗೀಕರಿಸಿದ ಮೇಲೆ ಸಾಮಾನ್ಯವಾಗಿ ಹಿಂದಿರುಗಿಸುವ ಹಕ್ಕು ಹೋಗಿ ಪರಿಹಾರ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ. ಕೂಟಗಲ್‌ನ ನಮ್ಮ ಕಕ್ಷಿದಾರರು ನಾಲ್ಕು ತಿಂಗಳ ಮೌನದಲ್ಲಿ ಕಳೆದುಕೊಂಡದ್ದು ಇದನ್ನೇ. ದೋಷದ ವಿವರ, ದಿನಾಂಕ, ಛಾಯಾಚಿತ್ರಗಳು ಮತ್ತು ಪರೀಕ್ಷಾ ವರದಿಯೊಡನೆ ಇ-ಮೇಲ್ ಹಾಗೂ ಕೊರಿಯರ್ ಎರಡರಲ್ಲೂ ಸೂಚನೆ ಕಳುಹಿಸಿರಿ. ನೂಲಿನ ಪರೀಕ್ಷೆಗೆ ಬೆಂಗಳೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ತಾಂತ್ರಿಕ ಸಂಶೋಧನಾ ಸಂಸ್ಥೆಯಿದೆ. ಇಂತಹ ಸಂಸ್ಥೆಯ ವರದಿಗೆ ಇರುವ ತೂಕ ನಮ್ಮ ಮಾತಿಗೆ ಇರುವುದಿಲ್ಲ.

4. ಕಟ್ಟಿದ ಸುಂಕದ ಗತಿ

ದೋಷಯುಕ್ತ ಸರಕಿಗೆ ಕಟ್ಟಿದ ಆಮದು ಸುಂಕವನ್ನು ಹಿಂಪಡೆಯಬಹುದೆಂಬುದು ಅನೇಕರಿಗೆ ತಿಳಿಯದು. ಸೀಮಾ ಸುಂಕ ಅಧಿನಿಯಮ, 1962ಕ್ಕೆ 2009ರಲ್ಲಿ ಸೇರಿಸಲಾದ 26ಎ ಪ್ರಕರಣವು ಈ ಅವಕಾಶವನ್ನು ಕಲ್ಪಿಸಿದೆ. ಅದರ ಮುಖ್ಯ ಷರತ್ತುಗಳು ಹೀಗಿವೆ:

(ಅ) ಸರಕು ದೋಷಯುಕ್ತವಾಗಿರಬೇಕು ಅಥವಾ ಒಪ್ಪಿದ ವಿವರಣೆಗೆ ಹೊಂದದಿರಬೇಕು.
(ಆ) ದೋಷವನ್ನು ಪತ್ತೆಹಚ್ಚಲು ಅನಿವಾರ್ಯವಾದಷ್ಟನ್ನು ಬಿಟ್ಟು ಅದನ್ನು ಬಳಸಿರಬಾರದು, ದುರಸ್ತಿ ಮಾಡಿರಬಾರದು.
(ಇ) ವಿಲೇವಾರಿ ಆದೇಶವಾದ ದಿನದಿಂದ 30 ದಿನಗಳೊಳಗೆ ಸರಕನ್ನು ಮರುರಫ್ತು ಮಾಡಬೇಕು, ಅಥವಾ ಅದರ ಒಡೆತನವನ್ನು ಸುಂಕದ ಇಲಾಖೆಗೆ ಬಿಟ್ಟುಕೊಡಬೇಕು, ಅಥವಾ ಅಧಿಕಾರಿಯ ಸಮಕ್ಷಮ ನಾಶಪಡಿಸಬೇಕು. ಸಕಾರಣವಿದ್ದರೆ ಆಯುಕ್ತರು ಈ ಅವಧಿಯನ್ನು ಮೂರು ತಿಂಗಳವರೆಗೆ ವಿಸ್ತರಿಸಬಹುದು.
(ಈ) ಮರುಪಾವತಿಯ ಅರ್ಜಿಯನ್ನು ಆರು ತಿಂಗಳೊಳಗೆ ಸಲ್ಲಿಸಬೇಕು.

ಮೂವತ್ತು ದಿನ ಎಂದು ಮೇಲೆ ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ಈ ಅವಧಿ ತಪ್ಪಿದರೆ 74ನೆಯ ಪ್ರಕರಣದ ದಾರಿಯಿದೆ: ಬಳಸದ ಸರಕನ್ನು ಸುಂಕ ಕಟ್ಟಿದ ಎರಡು ವರ್ಷಗಳೊಳಗೆ ಮರುರಫ್ತು ಮಾಡಿದರೆ ಸುಂಕದ ಶೇ. 98ರವರೆಗೆ ಹಿಂದಿರುಗುತ್ತದೆ, ಬಳಸಿದ ಸರಕಿಗೆ ಈ ಪ್ರಮಾಣ ಬಳಕೆಯ ಅವಧಿಗೆ ತಕ್ಕಂತೆ ಇಳಿಯುತ್ತದೆ. ಉತ್ಪಾದಕರು ಬದಲಿ ಭಾಗಗಳನ್ನು ಉಚಿತವಾಗಿ ಕಳುಹಿಸಿದರೂ ಅವುಗಳಿಗೆ ಮೌಲ್ಯ ನಿಗದಿಯಾಗಿ ಸುಂಕ ಬೀಳುತ್ತದೆ. ಅದನ್ನು ಯಾರು ಭರಿಸಬೇಕೆಂಬುದನ್ನು ರಾಜಿಪತ್ರದಲ್ಲಿ ಬರೆಸಿಕೊಳ್ಳಿರಿ.

5. ಸಂಧಾನದ ಮಾರ್ಗ

ಮೊದಲ ಸೂಚನೆಗೆ ಉತ್ತರ ಬಾರದಿದ್ದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಬೆಂಗಳೂರು ಕಚೇರಿಗೆ ದೂರು ಸಲ್ಲಿಸಬಹುದು. ವಿದೇಶ ವ್ಯಾಪಾರ ನೀತಿಯ 8ನೆಯ ಅಧ್ಯಾಯವು ವಿದೇಶಿ ಮಾರಾಟಗಾರರ ವಿರುದ್ಧ ಆಮದುದಾರರು ಸಲ್ಲಿಸುವ ಗುಣಮಟ್ಟದ ದೂರುಗಳನ್ನೂ ಒಳಗೊಂಡಿದೆ. ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗಕ್ಕೂ ಶಾಂಘೈ, ಗುವಾಂಗ್‌ಝೌ ದೂತಾವಾಸಗಳಿಗೂ ಬರೆಯಬಹುದು. ಇವರಾರೂ ತೀರ್ಪು ನೀಡುವವರಲ್ಲ. ಆದರೆ ಭಾರತದಲ್ಲಿ ಇನ್ನೂ ಯಂತ್ರಗಳನ್ನು ಮಾರಬೇಕೆಂದಿರುವ ಉತ್ಪಾದಕರು ಅಂತಹ ಪತ್ರವನ್ನು ಕಡೆಗಣಿಸುವುದು ಸುಲಭವಲ್ಲ. ದೂರಿನೊಡನೆ ಕರಾರು, ಪಾವತಿಯ ದಾಖಲೆ, ಸೂಚನಾ ಪತ್ರ ಮತ್ತು ಪರೀಕ್ಷಾ ವರದಿ ಇದ್ದರಷ್ಟೇ ಪ್ರಯೋಜನ.

6. ನ್ಯಾಯಾಲಯವೋ ಮಧ್ಯಸ್ಥಿಕೆಯೋ?

ರಾಮನಗರದ ನ್ಯಾಯಾಲಯದಲ್ಲಿ ದಾವೆ ಹೂಡಿ ಡಿಕ್ರಿ ಪಡೆದರೂ ಅದನ್ನು ಜಾರಿಗೊಳಿಸಬೇಕಾದುದು ಉತ್ಪಾದಕರ ಆಸ್ತಿಯಿರುವ ದೇಶದಲ್ಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಪ್ರಕರಣದಡಿ ಡಿಕ್ರಿಗಳನ್ನು ಪರಸ್ಪರ ಮನ್ನಿಸುವ ದೇಶಗಳಲ್ಲಿ ಬ್ರಿಟನ್, ಸಿಂಗಪುರ ಮೊದಲಾದವು ಇವೆ, ಚೀನಾ ಇಲ್ಲ.

ಮಧ್ಯಸ್ಥಿಕೆಯ ಐತೀರ್ಪಿನ ಸ್ಥಿತಿ ಬೇರೆ. 1958ರ ನ್ಯೂಯಾರ್ಕ್ ಒಡಂಬಡಿಕೆಯನ್ನು ಭಾರತವು 1960ರಲ್ಲಿ ಸ್ಥಿರೀಕರಿಸಿತು. ಚೀನಾ 1987ರಲ್ಲಿ ಸೇರಿತು. ಹೀಗಾಗಿ ಬೆಂಗಳೂರಿನಲ್ಲೋ ಸಿಂಗಪುರದಲ್ಲೋ ಆದ ಐತೀರ್ಪನ್ನು ಚೀನಾದ ನ್ಯಾಯಾಲಯದ ಮೂಲಕ ಜಾರಿಗೊಳಿಸಲು ದಾರಿಯಿದೆ. ಆದುದರಿಂದ ಕರಾರಿನಲ್ಲಿ ಮಧ್ಯಸ್ಥಿಕೆಯ ಕಲಮು ಇರಲೇಬೇಕು. ಅದರಲ್ಲಿ ಮಧ್ಯಸ್ಥಿಕೆಯ ಪೀಠಸ್ಥಾನ, ನಡೆಸುವ ಸಂಸ್ಥೆಯ ಹೆಸರು, ಮಧ್ಯಸ್ಥಗಾರರ ಸಂಖ್ಯೆ, ಭಾಷೆ ಮತ್ತು ಅನ್ವಯಿಸುವ ಕಾನೂನು ಎಂಬ ಐದು ವಿವರಗಳು ಸ್ಪಷ್ಟವಾಗಿರಲಿ. ಸಣ್ಣ ಮೊತ್ತದ ವ್ಯವಹಾರಕ್ಕೆ ಒಬ್ಬರೇ ಮಧ್ಯಸ್ಥಗಾರರು ಸಾಕು. ಮೂವರಿದ್ದರೆ ವೆಚ್ಚವೂ ಹೆಚ್ಚು. ನಮ್ಮ ಕಾನೂನಿನಂತೆ ಕರಾರು ಭಂಗದ ಕ್ಲೇಮಿಗೆ ಮೂರು ವರ್ಷಗಳ ಕಾಲಮಿತಿಯಿದೆ. ಸಂಧಾನದ ಮಾತುಕತೆ ನಡೆಯುತ್ತಿದೆಯೆಂಬ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

7. ಲೆಕ್ಕಪತ್ರದಲ್ಲಿ

ವ್ಯಾಜ್ಯದಿಂದ ಬರಬಹುದಾದ ಪರಿಹಾರವನ್ನು ಆದಾಯವೆಂದು ತೋರಿಸಿ ಬ್ಯಾಂಕಿನ ಮುಂದಿಡುವ ಪರಿಪಾಠ ಸರಿಯಲ್ಲ. ಲೆಕ್ಕಪತ್ರ ಮಾನಕ 29ರಂತೆ ಸಂಭವನೀಯ ಆಸ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ವಸ್ತುಸ್ಥಿತಿಯನ್ನು ಬ್ಯಾಂಕಿಗೆ ಮೊದಲೇ ತಿಳಿಸಿದರೆ ಕಂತುಗಳ ಮರುಹೊಂದಾಣಿಕೆಯನ್ನು ಕೇಳಬಹುದು. ಖಾತೆ ಸುಸ್ತಿಯಾದ ನಂತರ ಕೇಳುವುದು ಕಷ್ಟ.

ಕೂಟಗಲ್‌ನ ಆ ಕಕ್ಷಿದಾರರಿಗೆ ನಾವು ಮೊಕದ್ದಮೆಯ ಸಲಹೆ ನೀಡಲಿಲ್ಲ. ಮಧ್ಯಸ್ಥಿಕೆಯ ಕಲಮು ಇರಲಿಲ್ಲ, ಉಳಿಸಿಕೊಂಡ ಹಣವಿರಲಿಲ್ಲ. ನೂಲಿನ ಪರೀಕ್ಷೆ ಮಾಡಿಸಿ, ದ್ವಿತಳಿ ಗೂಡಿನಲ್ಲಿಯೂ ದೋಷ ಉಳಿಯುವುದನ್ನು ದಾಖಲಿಸಿ, ದೂರು ಸಲ್ಲಿಸಿದೆವು. ಕೆಲವು ತಿಂಗಳ ಪತ್ರವ್ಯವಹಾರದ ನಂತರ ತಂತ್ರಜ್ಞರೊಬ್ಬರು ಬಂದು ಭಾಗಗಳನ್ನು ಬದಲಿಸಿದರು, ಯಂತ್ರ ಓಡಿತು. ಆದರೆ ಅಷ್ಟರಲ್ಲಿ ಕಟ್ಟಿದ ಬಡ್ಡಿಯೂ ಕಳೆದುಹೋದ ಉತ್ಪಾದನೆಯೂ ಹಿಂದಿರುಗಲಿಲ್ಲ. ಮನೆ ಉಳಿಯಿತು, ಎರಡು ಎಕರೆ ಜಮೀನಿನಲ್ಲಿ ಒಂದು ಎಕರೆ ಹೋಯಿತು.

ಎರಡು ವರ್ಷಗಳ ನಂತರ ಅವರು ಬಾಯ್ಲರ್ ಖರೀದಿಗೆಂದು ಮತ್ತೊಮ್ಮೆ ಬಂದರು. ಈ ಸಲ ಹಣ ಕಳುಹಿಸುವ ಮುನ್ನವೇ ಕರಾರಿನ ಕರಡನ್ನು ತಂದಿದ್ದರು. ವಾಚಕರು ಮೊದಲ ಆಮದಿಗೇ ಹಾಗೆ ಬರುವಂತಾದರೆ ಈ ಲೇಖನ ಬರೆದದ್ದು ಸಾರ್ಥಕ.