ಪಂಜಾಬಿಗೆ ಸಮುದ್ರ ಬಂದದ್ದು ಹೇಗೆ? ಜಿಟಿಎ ವದಂತಿ ಜಾಲಿಸುವ ಕ್ರಮ

ದೆಹಲಿಯ ಕನಾಟ್ ಪ್ಲೇಸಿನ ನೆಲದಡಿಯಲ್ಲಿರುವ ಪಾಲಿಕಾ ಬಜಾರಿನಲ್ಲಿ ಒಂದು ಕಾಲಕ್ಕೆ ಗೇಮ್ ಸಿಡಿಗಳು ತರಕಾರಿಯಂತೆ ಬಿಕರಿಯಾಗುತ್ತಿದ್ದವು. ತೆಳ್ಳನೆಯ ಪ್ಲಾಸ್ಟಿಕ್ ಕವರು, ಒಳಗೊಂದು ಸಿಡಿ, ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೀಚಿದ ಹೆಸರು. ಅಸಲಿ ಡಬ್ಬಿಯೊಂದಿಗೆ ಬರುವ ಕೈಪಿಡಿ, ನಕಾಶೆ ಯಾವುದೂ ಇಲ್ಲ. ಹಾಗಾಗಿ ಅಂಗಡಿಯ ಭೈಯಾ ಹೇಳಿದ್ದೇ ವೇದ, ಗಲ್ಲಿಯ ಹುಡುಗರು ಸೇರಿಸಿದ್ದೇ ಭಾಷ್ಯ. ಗ್ರ್ಯಾಂಡ್ ಥೆಫ್ಟ್ ಆಟೋ, ಅಂದರೆ ಎಲ್ಲರ ಬಾಯಲ್ಲಿ ಬರೀ ಜಿಟಿಎ, ಇಲ್ಲಿ ಬೆಳೆದದ್ದು ಹೀಗೆ. ಆ ಹುಡುಗರಿಗೆ ಈಗ ಮಕ್ಕಳಿದ್ದಾರೆ. ಸಿಡಿ ಹೋಯಿತು, ನಂಬಿಕೆಗಳು ಮಾತ್ರ ಮಕ್ಕಳ ಮೊಬೈಲಿಗೆ ದಾಟಿವೆ. ಇವನ್ನು ಜಾಲಿಸುವುದು ಕಷ್ಟವಲ್ಲ. ಹೇಳಿದವರನ್ನು ಬಿಟ್ಟು ಆಟವನ್ನೇ ಕೇಳಬೇಕು, ಅಷ್ಟೆ.

ಮೊದಲ ಹೆಜ್ಜೆ: ಯಾವ ಆಟದ ಮಾತು ಎಂದು ಖಚಿತಪಡಿಸಿಕೊಳ್ಳಿ. ಜಿಟಿಎ 3 ಬಂದದ್ದು 2001ರಲ್ಲಿ, ವೈಸ್ ಸಿಟಿ 2002ರಲ್ಲಿ, ಸ್ಯಾನ್ ಆಂಡ್ರಿಯಾಸ್ 2004ರಲ್ಲಿ. ನಾಲ್ಕನೆಯ ಅಂಕಿ ಹೊತ್ತ ಆಟ 2008ರದು, ಐದರದು 2013. ಆದ್ದರಿಂದ ‘ವೈಸ್ ಸಿಟಿಯೇ ಜಿಟಿಎ 4’ ಎನ್ನುವುದು ತಪ್ಪು. ಬಿಡುಗಡೆಯ ಕ್ರಮವೇ ಕಥೆಯ ಕ್ರಮ ಎಂಬುದೂ ತಪ್ಪು. ವೈಸ್ ಸಿಟಿಯ ಕಥೆ 1986ರದು, ಸ್ಯಾನ್ ಆಂಡ್ರಿಯಾಸ್‌ನದು 1992ರದು. ಮೊದಲು ಬಂದ ಜಿಟಿಎ 3ರ ಕಥೆ ಇವೆರಡಕ್ಕಿಂತ ಈಚಿನದು. ಅದಕ್ಕೇ ಜಿಟಿಎ 3ರ ಮೂಕ ನಾಯಕ ಕ್ಲಾಡ್ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಒಮ್ಮೆ ಮುಖ ತೋರಿಸಿ ಹೋಗುತ್ತಾನೆ. ಈ ಮೂರು ಆಟಗಳದು ಒಂದು ಲೋಕ, 4ರಿಂದ ಮುಂದಿನದು ಬೇರೆ ಲೋಕ ಎಂದು ತಯಾರಕರಾದ ರಾಕ್‌ಸ್ಟಾರ್‌ನವರೇ ಹೇಳಿದ್ದಾರೆ. ಆರನೆಯದರಲ್ಲೂ ವೈಸ್ ಸಿಟಿ ಎಂಬ ಊರಿದೆ ನಿಜ. ಹಾಗೆಂದು ಹಳೆಯ ವೈಸ್ ಸಿಟಿಯ ನಾಯಕ ಟಾಮಿ ವರ್ಸೆಟ್ಟಿ ಮುದುಕನಾಗಿ ಬಂದೇ ಬರುತ್ತಾನೆಂದು ಪಂದ್ಯ ಕಟ್ಟಬೇಡಿ.

ಎರಡನೆಯದು: ‘ಜಿಟಿಎ ಪಂಜಾಬ್’, ‘ಜಿಟಿಎ ದಿಲ್ಲಿ’ ಎಂದು ಯಾರಾದರೂ ಕೊಟ್ಟರೆ ಹೊಸ ಆಟ ಶುರು ಮಾಡಿ ನೋಡಿ. ನಾಯಕನ ತಲೆಯ ಮೇಲೆ ಪಗಡಿ ಇರಬಹುದು, ರಸ್ತೆಯಲ್ಲಿ ಮಾರುತಿ ಕಾರು ಓಡಬಹುದು, ಕಾರಿನ ರೇಡಿಯೊದಲ್ಲಿ ಭಾಂಗ್ಡಾ ಬರಬಹುದು. ಮೂಲೆಯ ಪುಟ್ಟ ನಕಾಶೆ ಮಾತ್ರ ಸುಳ್ಳು ಹೇಳುವುದಿಲ್ಲ. ಕಡಲ ದಂಡೆಯ ಹೋಟೆಲಿನ ಎದುರು ಬಂದು ನಿಂತಿರೋ, ಅದು ಸಾಕ್ಷಾತ್ ವೈಸ್ ಸಿಟಿ. ಪಂಜಾಬಿಗೆ ಸಮುದ್ರ ಎಲ್ಲಿಂದ ಬರಬೇಕು!

ಇಂಥವನ್ನು ‘ಮಾಡ್’ ಎನ್ನುತ್ತಾರೆ. ಕಾರು, ಮನುಷ್ಯರ ಆಕಾರಗಳೂ ಅವುಗಳ ಬಣ್ಣಬಟ್ಟೆಯೂ ಆಟದ ದೊಡ್ಡದೊಂದು ಫೈಲಿನಲ್ಲಿ ಕೂತಿರುತ್ತವೆ. ಅಮೆರಿಕನ್ ಕಾರನ್ನು ತೆಗೆದು ಅದರ ಜಾಗಕ್ಕೆ ನಮ್ಮ ಕಾರನ್ನು ಇಟ್ಟರಾಯಿತು. ಹಾಡಂತೂ ಇನ್ನೂ ಸುಲಭ: ಕಂಪ್ಯೂಟರಿನ ವೈಸ್ ಸಿಟಿಯಲ್ಲಿ ಎಂಪಿ3 ಹೆಸರಿನ ಫೋಲ್ಡರೇ ಇದೆ, ಅದರೊಳಗೆ ಏನು ಹಾಕಿದರೂ ಕಾರಿನಲ್ಲಿ ಕೇಳುತ್ತದೆ. ಮನೆಯಲ್ಲಿ ಕೂತು ಇದನ್ನು ಮಾಡಿದ ಹುಡುಗರ ಕೈಚಳಕಕ್ಕೆ ನನ್ನ ಮೆಚ್ಚುಗೆ ಇದ್ದೇ ಇದೆ. ಆದರೆ ಭಾರತದ ಯಾವ ಊರನ್ನೂ ಕಥಾಸ್ಥಳವಾಗಿಸಿ ರಾಕ್‌ಸ್ಟಾರ್ ಜಿಟಿಎ ಹೊರತಂದಿಲ್ಲ.

ಮೂರನೆಯದು ದೆವ್ವಗಳ ವಿಚಾರ. ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ಯಾನ್ ಆಂಡ್ರಿಯಾಸ್‌ನ ಕಾಡಿನಲ್ಲಿ ಬಿಗ್‌ಫೂಟ್ ಎಂಬ ರೋಮಶ ದೈತ್ಯನಿದ್ದಾನೆ, ಚಾಲಕನಿಲ್ಲದ ಕಾರು ತಾನಾಗಿ ಓಡುತ್ತದೆ, ನಾಯಕ ಸಿಜೆಯ ಮನೆಯಲ್ಲಿ ಸತ್ತ ತಾಯಿಯ ನೆರಳು ಸುಳಿಯುತ್ತದೆ. ಬೇಸಿಗೆ ರಜೆಯ ಮಧ್ಯಾಹ್ನ ಕರೆಂಟ್ ಹೋದಾಗ ನೋಯ್ಡಾದ ಸೈಬರ್ ಕೆಫೆಗಳಲ್ಲಿ ಇದಕ್ಕಿಂತ ಒಳ್ಳೆಯ ಕಥೆ ಸಿಗುತ್ತಿರಲಿಲ್ಲ.

ಒಂದೊಂದನ್ನೂ ಬೇರೆಬೇರೆ ಪರೀಕ್ಷಿಸಿ. ಪರದೆಯ ಮೇಲೆ ಪ್ರಾಣಿಯೊಂದು ಕಾಣಬೇಕಾದರೆ ಅದರ ಆಕಾರ ಫೈಲುಗಳಲ್ಲಿ ಇರಲೇಬೇಕು. ಸ್ಯಾನ್ ಆಂಡ್ರಿಯಾಸ್‌ನ ಫೈಲುಗಳನ್ನು ಮಾಡ್ ಮಾಡುವವರು ವರ್ಷಗಟ್ಟಲೆ ಬಗೆದು ನೋಡಿದ್ದಾರೆ, ಬಿಗ್‌ಫೂಟ್ ಸಿಕ್ಕಿಲ್ಲ. ಹಳೆಯ ಪ್ಲೇಸ್ಟೇಷನ್ 2ರ ತಾಕತ್ತು ಕಡಿಮೆಯಾದ್ದರಿಂದ ದೂರದ್ದನ್ನೆಲ್ಲ ಮಂಜಿನಲ್ಲಿ ಮುಚ್ಚುತ್ತಿದ್ದರು. ಮಂಜಿನಲ್ಲಿ ಮರವೂ ದೈತ್ಯನೇ. ಯೂಟ್ಯೂಬಿನ ‘ಸಾಕ್ಷಿ’ಗಳಲ್ಲಿ ಕಾಣುವವನು ಮಾಡ್‌ನಿಂದ ಬಂದವನು. ತಾಯಿಯ ನೆರಳಿಗೂ ಇದೇ ಪರೀಕ್ಷೆ. ಕಾರಿನ ಕಥೆ ಮಾತ್ರ ಪೂರ್ತಿ ಸುಳ್ಳಲ್ಲ. ಕಾಡಿನ ಇಳಿಜಾರಿನಲ್ಲಿ ಗ್ಲೆಂಡೇಲ್ ಎಂಬ ನುಜ್ಜಾದ ಕಾರನ್ನು ಆಟವೇ ತಂದು ಇಡುತ್ತದೆ. ಇಳಿಜಾರಲ್ಲವೇ, ಅದು ಉರುಳುತ್ತದೆ. ಕಂಡದ್ದು ನಿಜ, ಕಾರಣ ಗುರುತ್ವಾಕರ್ಷಣೆ. ರಾಕ್‌ಸ್ಟಾರ್‌ನವರೂ ಈ ವದಂತಿಯ ರುಚಿ ಕಂಡವರೇ: ಜಿಟಿಎ 5ರ ಒಂದು ಮಿಷನ್ನಿನಲ್ಲಿ ಬಿಗ್‌ಫೂಟನನ್ನು ಬೇಟೆಯಾಡಿಸಿ, ಕೊನೆಗೆ ಅವನು ವೇಷ ತೊಟ್ಟ ಮನುಷ್ಯ ಎಂದು ತೋರಿಸಿದರು.

ನಾಲ್ಕು: ಚೀಟ್ ಕೋಡ್. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಹೆಸೋಯಾಮ್ ಎಂದು ಟೈಪಿಸಿದರೆ ಆರೋಗ್ಯ, ಕವಚ, 2,50,000 ಡಾಲರ್ ಒಟ್ಟಿಗೆ ಬರುವುದು ಗೊತ್ತಿಲ್ಲದ ಹುಡುಗನಿಲ್ಲ. ‘ನಮ್ಮಣ್ಣ ಯಾರಿಗೂ ಗೊತ್ತಿಲ್ಲದ ಕೋಡ್ ಕಂಡುಹಿಡಿದ’ ಎಂದು ಯಾರಾದರೂ ಹೇಳಿದರೆ ನಗಬೇಡಿ, ಟೈಪಿಸಿ ನೋಡಿ. ಕಂಪ್ಯೂಟರ್ ಆವೃತ್ತಿಯಲ್ಲಿ ಕೋಡಿನ ಅಕ್ಷರಗಳನ್ನು ಬರೆದಿಟ್ಟಿಲ್ಲ, ಅಕ್ಷರಗಳಿಂದ ಲೆಕ್ಕ ಹಾಕಿದ ಒಂದು ಸಂಖ್ಯೆಯನ್ನಷ್ಟೇ ಇಟ್ಟಿದ್ದಾರೆ. ಬೇರೆ ಅಕ್ಷರಗಳ ಲೆಕ್ಕವೂ ಅದೇ ಸಂಖ್ಯೆಗೆ ಬಂದರೆ ಚೀಟ್ ತೆರೆದುಕೊಳ್ಳುತ್ತದೆ. ಅಣ್ಣ ಹೇಳಿದ್ದು ನಿಜವೂ ಇರಬಹುದು! ‘ಚೀಟ್ ಹಾಕಿದರೆ ಸೇವ್ ಹಾಳಾಗುತ್ತದೆ’ ಎಂಬುದೂ ಅರ್ಧ ನಿಜ. ದಾರಿಹೋಕರನ್ನು ಕೆರಳಿಸುವ ಚೀಟ್ ಹಾಕಿ ಸೇವ್ ಮಾಡಿಬಿಟ್ಟರೆ ಹಾಡುಗಾರ ಮ್ಯಾಡ್ ಡಾಗ್‌ನನ್ನು ಮಹಡಿಯಿಂದ ಉಳಿಸುವ ಮಿಷನ್ ಕೆಡುತ್ತದೆ, ಆತ ನಿಮಗೆ ಕಾಯದೆ ಜಿಗಿಯುತ್ತಾನೆ. ಚೀಟ್ ಹಾಕುವ ಮೊದಲೇ ಬೇರೆ ಸ್ಲಾಟಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

‘ಇದು ಅಮೆರಿಕದವರ ಆಟ’ ಎಂಬ ಮಾತಿಗೆ ಒಂದೆರಡು ಸಾಲು ಸಾಕು. ಮೊದಲ ಜಿಟಿಎ 1997ರಲ್ಲಿ ಬಂದದ್ದು ಸ್ಕಾಟ್ಲೆಂಡಿನ ಡಂಡೀ ಊರಿನ ಡಿಎಂಎ ಡಿಸೈನ್‌ನಿಂದ. ಅದೇ ಮುಂದೆ ಎಡಿನ್‌ಬರೋದ ರಾಕ್‌ಸ್ಟಾರ್ ನಾರ್ತ್ ಆಯಿತು. ಕಂಪನಿಯ ಕಚೇರಿ ನ್ಯೂಯಾರ್ಕಿನಲ್ಲಿದೆ, ನಿಜ. ದೆಹಲಿಯ ಹುಡುಗರಿಗೆ ನಾವು ಜಂಬದಿಂದ ಹೇಳಬಹುದಾದದ್ದು ಇನ್ನೊಂದಿದೆ: 2016ರಿಂದ ರಾಕ್‌ಸ್ಟಾರ್‌ನ ಭಾರತದ ಸ್ಟುಡಿಯೊ ಇರುವುದು ಬೆಂಗಳೂರಿನಲ್ಲಿ. 1997ರಲ್ಲೇ ಶುರುವಾಗಿದ್ದ ಬೆಂಗಳೂರಿನ ಧ್ರುವ ಇಂಟರ್‌ಆಕ್ಟಿವ್ ಕೂಡ 2019ರಲ್ಲಿ ಅದರ ತೆಕ್ಕೆಗೆ ಬಂತು.

ಕೊನೆಯ ಹೆಜ್ಜೆಯಲ್ಲಿ ಜೇಬಿನ ಪ್ರಶ್ನೆ ಇದೆ. ಆರನೆಯ ಜಿಟಿಎಯ ಮೊದಲ ಟ್ರೇಲರ್ 2023ರ ಡಿಸೆಂಬರಿನಲ್ಲಿ ಬಂತು. 2025ರ ನವೆಂಬರಿನಲ್ಲಿ ಕಂಪನಿ ಕೊಟ್ಟ ಬಿಡುಗಡೆಯ ದಿನ 2026ರ ನವೆಂಬರ್ 19, ಅದೂ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್‌ಗಳಿಗೆ. ಆ ಘೋಷಣೆಯಲ್ಲಿ ಮೊಬೈಲಿನ ಹೆಸರಿಲ್ಲ. ‘ವೈಸ್ ಸಿಟಿ ಫೋನಿನಲ್ಲಿ ಓಡುತ್ತಲ್ಲ ಮಾಮ, ಇದ್ಯಾಕೆ ಓಡಲ್ಲ?’ ಎಂದು ಸೋದರಳಿಯ ಕೇಳಿದರೆ ಹೀಗೆ ಹೇಳಿ: ವೈಸ್ ಸಿಟಿ ಫೋನಿಗೆ ಬಂದದ್ದು 2012ರಲ್ಲಿ, ಹುಟ್ಟಿ ಹತ್ತು ವರ್ಷವಾದ ಮೇಲೆ. ವಾಟ್ಸ್ಆ್ಯಪ್, ಟೆಲಿಗ್ರಾಂನಲ್ಲಿ ‘ಜಿಟಿಎ 6 ಎಪಿಕೆ’ ಎಂದು ಬರುವ ಆ್ಯಪ್ ಫೈಲನ್ನು ಮುಟ್ಟಬೇಡಿ, ಅದು ಹಣ ಕದಿಯುವ ಬಲೆಯಾಗಿರಬಹುದು. ರಾಕ್‌ಸ್ಟಾರ್‌ನ ಅಧಿಕೃತ ತಾಣ ತೆರೆದು ನೋಡಿ, ಅಲ್ಲಿ ಇಲ್ಲದಿದ್ದರೆ ಇಲ್ಲ. ಸರಣಿಯ ದೊಡ್ಡ ಆಟಗಳಿಗೆ ಯುರೋಪಿನಲ್ಲಿ 18 ದಾಟಿದವರಿಗೆ ಎಂಬ ಮುದ್ರೆ ಇದೆ ಎನ್ನುವುದನ್ನೂ ಅಪ್ಪ ಅಮ್ಮ ಅಲ್ಲೇ ಗಮನಿಸಬಹುದು.

ಹುಡುಗ ಆಗಲೇ ಎಪಿಕೆ ಹಾಕಿಬಿಟ್ಟಿದ್ದರೆ ಬೈಯುತ್ತಾ ಕೂರಬೇಡಿ. ಫೋನಿನ ಇಂಟರ್ನೆಟ್ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಯುಪಿಐ, ಕಾರ್ಡು ನಿಲ್ಲಿಸಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದೆಹಲಿ, ಗುರುಗ್ರಾಮ, ನೋಯ್ಡಾ, ಬೆಂಗಳೂರು ಎಲ್ಲ ಕಡೆಗೂ ಅದೇ ಸಂಖ್ಯೆ. ಫೈಲು ಕಳಿಸಿದವನ ಚಾಟ್, ಬ್ಯಾಂಕಿನ ಎಸ್ಎಂಎಸ್ ಅಳಿಸದೆ ಇಟ್ಟುಕೊಳ್ಳಿ, ದೂರು ಬರೆಸುವಾಗ ಬೇಕಾಗುತ್ತವೆ.